ಹೆದರಿದ ಅರಸನ ಮುಂದೆ ಯೆರೆಮೀಯ: ಈ ಅಧ್ಯಾಯವನ್ನು ನಾನು ಹೇಳಿಕೊಡುವ ಬಗೆ

ನಮ್ಮ ಸಭೆಯ ಮನೆ ಪ್ರಾರ್ಥನೆಗಳಲ್ಲಿ ವಾಕ್ಯ ಹೇಳುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ಅಯ್ಯನವರಲ್ಲ, ದೇವಶಾಸ್ತ್ರದ ಕಾಲೇಜಿಗೆ ಹೋದವನೂ ಅಲ್ಲ. ಸತ್ಯವೇದ ಓದುವುದು ಇಷ್ಟ, ಓದಿದ್ದನ್ನು ನಾಲ್ಕು ಜನರ ಜೊತೆ ಕೂತು ಮಾತಾಡುವುದು ಇನ್ನೂ ಇಷ್ಟ. ಹೀಗೆ ಮಾತಾಡುವಾಗ ನಾನು ಮತ್ತೆ ಮತ್ತೆ ತೆಗೆದುಕೊಳ್ಳುವ ಭಾಗ ಒಂದಿದೆ. ಯೆರೆಮೀಯನ ಪುಸ್ತಕದ 38ನೇ ಅಧ್ಯಾಯ, ಅದರಲ್ಲೂ 14ನೇ ವಚನದಿಂದ ಕೊನೆಯವರೆಗೆ. ಯೆಹೂದ ನಾಡಿನ ಅರಸ ಚಿದ್ಕೀಯ, ಪ್ರವಾದಿ ಯೆರೆಮೀಯನನ್ನು ಗುಟ್ಟಾಗಿ ಕರೆಸಿ ಮಾತಾಡುವ ಭಾಗ.

ಇದನ್ನು ಒಳ್ಳೇ ಪ್ರವಾದಿ, ಕೆಟ್ಟ ಅರಸ ಅಂತ ಹೇಳಿ ಮುಗಿಸುವುದು ಸುಲಭ. ನನಗೆ ಅದು ಸಾಕಾಗುವುದಿಲ್ಲ. ಆ ಅರಸ ಕೆಟ್ಟವನು ಅನ್ನುವುದಕ್ಕಿಂತ ಹೆದರಿದವನು. ಅವನ ಹೆದರಿಕೆ ಯಾವುದರದ್ದು ಅಂತ ಸರಿಯಾಗಿ ತಿಳಿಯದೆ ಯೆರೆಮೀಯನ ಮಾತಿನ ತೂಕ ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ತಯಾರಿಯೆಲ್ಲ ಆ ಒಂದು ಹೆದರಿಕೆಯ ಸುತ್ತ ಇರುತ್ತದೆ.

ಮೊದಲು ಸ್ವಲ್ಪ ಇತಿಹಾಸ ಹೇಳಲೇಬೇಕು. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದ. ಆಗ ಸಿಂಹಾಸನದಲ್ಲಿದ್ದ ಯೆಹೋಯಾಖೀನ ಹದಿನೆಂಟರ ಹುಡುಗ. ಅವನು ತಾಯಿಯನ್ನೂ ಅಧಿಕಾರಿಗಳನ್ನೂ ಕರೆದುಕೊಂಡು ಊರ ಹೊರಗೆ ಬಂದು ಶರಣಾದ. ಅವನನ್ನು ಸೆರೆ ಒಯ್ದು, ಅವನ ಚಿಕ್ಕಪ್ಪ ಮತ್ತನ್ಯನನ್ನು ಬಾಬೆಲಿನವರೇ ಪಟ್ಟಕ್ಕೆ ಕೂರಿಸಿದರು, ಹೆಸರನ್ನೂ ಬದಲಾಯಿಸಿದರು. ಅವನೇ ಚಿದ್ಕೀಯ. ಪಟ್ಟಕ್ಕೆ ಬಂದಾಗ ಅವನಿಗೆ 21 ವರ್ಷ, ಆಳಿದ್ದು 11 ವರ್ಷ. ಅಂದರೆ ನಾವು ಓದುವ ಈ ಮಾತುಕತೆಯ ಹೊತ್ತಿಗೆ ಅವನಿಗೆ ಮೂವತ್ತು ದಾಟಿತ್ತು ಅಷ್ಟೇ. ಎದುರಿಗೆ ಕೂತ ಯೆರೆಮೀಯ ಹತ್ತಿರ ಹತ್ತಿರ ನಲವತ್ತು ವರ್ಷ ಇದೇ ಊರಲ್ಲಿ ಪ್ರವಾದನೆ ಹೇಳಿದವನು. ಈ ವಯಸ್ಸಿನ ಅಂತರವನ್ನು ನಾನು ಬೇಕಂತಲೇ ಎತ್ತಿ ಹೇಳುತ್ತೇನೆ. ಹಾಗೆ ಹೇಳಿದ ಮೇಲೆ ಜನ ಈ ಮಾತುಕತೆಯನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾರೆ.

ಚಿದ್ಕೀಯ ಬಾಬೆಲಿಗೆ ತಿರುಗಿಬಿದ್ದ. ಕ್ರಿ.ಪೂ. 588ರ ಸುಮಾರಿಗೆ ಮುತ್ತಿಗೆ ಶುರುವಾಯಿತು. ಅದು ಒಂದೂವರೆ ವರ್ಷ ನಡೆಯಿತು. ಮಧ್ಯದಲ್ಲಿ ಐಗುಪ್ತದ (ಈಜಿಪ್ಟಿನ) ಸೈನ್ಯ ಬರುತ್ತಿದೆ ಅಂತ ಸುದ್ದಿಯಾಗಿ ಬಾಬೆಲಿನವರು ಸ್ವಲ್ಪ ಕಾಲ ಹಿಂದೆ ಸರಿದರು. ಊರಿಗೆ ಉಸಿರು ಬಂತು. ಆಗ ಏನಾಯಿತು ಅನ್ನುವುದು 34ನೇ ಅಧ್ಯಾಯದಲ್ಲಿದೆ. ಮುತ್ತಿಗೆಯ ಭಯದಲ್ಲಿ ದೇವರ ಮುಂದೆ ಒಡಂಬಡಿಕೆ ಮಾಡಿ ಬಿಡುಗಡೆ ಮಾಡಿದ್ದ ಗುಲಾಮರನ್ನು ಜನ ಮತ್ತೆ ಹಿಡಿದು ತಂದರು. ಈ ಅಧ್ಯಾಯವನ್ನು ನಾನು ಬಿಡುವುದೇ ಇಲ್ಲ. ಚಿದ್ಕೀಯನ ಕಾಲದಲ್ಲಿ ವಿಧೇಯತೆ ಶುರುವಾಗುತ್ತದೆ, ಭಯ ಕಡಿಮೆಯಾದ ಕೂಡಲೇ ನಿಂತುಹೋಗುತ್ತದೆ.

ಇನ್ನು ಬಾವಿಯ ವಿಷಯ. ನಾಲ್ಕು ಅಧಿಕಾರಿಗಳು ಅರಸನ ಹತ್ತಿರ ಬಂದು ಈ ಯೆರೆಮೀಯ ಸೈನಿಕರ ಕೈ ಸೋಲಿಸುತ್ತಿದ್ದಾನೆ (ಧೈರ್ಯ ಕುಂದಿಸುತ್ತಿದ್ದಾನೆ), ಇವನನ್ನು ಕೊಲ್ಲಬೇಕು ಅನ್ನುತ್ತಾರೆ. ಅರಸ ಕೊಟ್ಟ ಉತ್ತರ: ಅವನು ನಿಮ್ಮ ಕೈಯಲ್ಲಿದ್ದಾನೆ, ನಿಮ್ಮ ವಿರುದ್ಧ ಅರಸನು ಏನೂ ಮಾಡಲಾರ. ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಕೇಳುತ್ತೇನೆ, ಈ ಮಾತಾಡುವವನು ಯಾರು? ಆ ನಾಡಿನ ಅರಸ ಅಲ್ವಾ?

ಆ ನಾಲ್ವರಲ್ಲಿ ಇಬ್ಬರ ಹೆಸರು ಮಣ್ಣಿನಲ್ಲೂ ಸಿಕ್ಕಿದೆ. ಯೆರೂಸಲೇಮಿನ ದಾವೀದನ ಪಟ್ಟಣದಲ್ಲಿ ಐಲಾತ್ ಮಜಾರ್ ನಡೆಸಿದ ಉತ್ಖನನದಲ್ಲಿ 2005ರಲ್ಲಿ ಶೆಲೆಮ್ಯನ ಮಗ ಯೂಕಲನ ಮುದ್ರೆ ಒತ್ತಿದ ಜೇಡಿಮಣ್ಣಿನ ಚೂರು ಸಿಕ್ಕಿತು. 2008ರಲ್ಲಿ, ಅಲ್ಲೇ ಹತ್ತಿರದಲ್ಲಿ, ಪಷ್ಹೂರನ ಮಗ ಗೆದಲ್ಯನದ್ದು. ಕಾಗದಪತ್ರಕ್ಕೆ ದಾರ ಕಟ್ಟಿ ಅದರ ಮೇಲೆ ಒತ್ತುತ್ತಿದ್ದ ಮುದ್ರೆಗಳು, ಅಗಲ ಸುಮಾರು ಒಂದು ಸೆಂಟಿಮೀಟರ್. ಅವುಗಳ ಚಿತ್ರವನ್ನು ನಾನು ಫೋನಿನಲ್ಲಿ ತೋರಿಸುತ್ತೇನೆ, ಕೈಯಿಂದ ಕೈಗೆ ಹೋಗುತ್ತದೆ. ಇದೇ ಯೂಕಲ 37ನೇ ಅಧ್ಯಾಯದಲ್ಲಿ ಅರಸನ ಪರವಾಗಿ ಬಂದು, ನಮಗೋಸ್ಕರ ದೇವರಿಗೆ ಪ್ರಾರ್ಥನೆ ಮಾಡು ಅಂತ ಯೆರೆಮೀಯನನ್ನು ಕೇಳಿದ್ದ. ಪ್ರಾರ್ಥನೆ ಬೇಕಿತ್ತು, ಉತ್ತರ ಬೇಡವಾಗಿತ್ತು.

ಕೈ ಸೋಲಿಸುವ ಮಾತು ಅಂತ ಅವರು ಹೊರಿಸಿದ ಆರೋಪ ಕೂಡ ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದೇ. 1935ರಲ್ಲಿ ಲಾಕೀಷಿನ ಕೋಟೆ ಬಾಗಿಲಿನ ಹತ್ತಿರ ಮಡಕೆಯ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಓಲೆಗಳು ಸಿಕ್ಕವು. ಈ ಯುದ್ಧದ ದಿನಗಳವು. ಒಂದರಲ್ಲಿ, ಊರಿನ ದೊಡ್ಡವರ ಮಾತು ಚೆನ್ನಾಗಿಲ್ಲ, ಕೈಗಳನ್ನು ಸೋಲಿಸುವಂತಿದೆ ಅಂತ ದೂರು ಇದೆ. ಇನ್ನೊಂದರಲ್ಲಿ, ಲಾಕೀಷಿನ ಸನ್ನೆಯ ಬೆಂಕಿಗೆ ಕಾಯುತ್ತಿದ್ದೇವೆ, ಅಜೇಕ ಕಾಣುತ್ತಿಲ್ಲ ಅಂತ ಇದೆ. ಆಗ ಬಿದ್ದುಹೋಗದೆ ಉಳಿದಿದ್ದ ಕೋಟೆ ಊರುಗಳು ಲಾಕೀಷ್ ಮತ್ತು ಅಜೇಕ ಎರಡೇ ಅಂತ ಯೆರೆಮೀಯ 34:7 ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ.

ಆ ಅಧಿಕಾರಿಗಳು ಯೆರೆಮೀಯನನ್ನು ಒಂದು ಬಾವಿಗೆ ಇಳಿಸಿದರು. ಬಾವಿಯಲ್ಲಿ ನೀರಿರಲಿಲ್ಲ, ಕೆಸರಿತ್ತು. ಯೆರೆಮೀಯ ಕೆಸರಿನಲ್ಲಿ ಹೂತುಹೋದ. ಯೆರೂಸಲೇಮಿನ ಕಡೆ ಇವು ಊಟೆಯ ಬಾವಿಗಳಲ್ಲ. ಸುಣ್ಣದ ಕಲ್ಲನ್ನು ಕೊರೆದು, ಒಳಗೆ ಗಾರೆ ಬಳಿದು, ಮಳೆ ನೀರು ತುಂಬಿಸಿಕೊಳ್ಳುವ ಗುಂಡಿಗಳು. ಬಾಯಿ ಕಿರಿದು, ಕೆಳಗೆ ಅಗಲ. ಗೋಡೆ ಹಿಡಿದು ಹತ್ತಿ ಬರಲು ಆಗುವುದಿಲ್ಲ. ಅವನನ್ನು ಎತ್ತಿಸಿದವನು ಅರಮನೆಯಲ್ಲಿದ್ದ ಕೂಷ್ಯನಾದ ಎಬೆದ್ಮೆಲೆಕ, ಪರದೇಶದವನು. ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದ ಅರಸನ ಹತ್ತಿರ ನೇರವಾಗಿ ಹೋಗಿ, ಇವರು ಮಾಡಿದ್ದು ಕೆಟ್ಟ ಕೆಲಸ ಅಂದ. ಆಮೇಲೆ ಉಗ್ರಾಣದ ಕೆಳಗಿನಿಂದ ಹಳೇ ಬಟ್ಟೆ, ಚಿಂದಿ ತಂದು ಹಗ್ಗದ ಜೊತೆ ಇಳಿಸಿದ. ಅದನ್ನು ಕಂಕುಳಿಗೆ ಇಟ್ಟುಕೋ, ಹಗ್ಗ ಅದರ ಮೇಲೆ ಬರಲಿ ಅಂತ ಮೇಲಿಂದ ಹೇಳಿದ. ಒಂದು ಮನೆಯಲ್ಲಿ ಇದನ್ನು ಓದಿದಾಗ ಒಬ್ಬ ಅಜ್ಜಿ, 'ಅವನು ಹಗ್ಗ ಹಿಡಿದು ದುಡಿದವನೇ ಇರಬೇಕಪ್ಪ, ಇಲ್ಲದಿದ್ರೆ ಚಿಂದಿಯ ನೆನಪು ಬರಲ್ಲ' ಅಂದರು. ನಾನು ಓದಿದ ಯಾವ ವ್ಯಾಖ್ಯಾನದಲ್ಲೂ ಈ ಮಾತು ಇರಲಿಲ್ಲ.

ಇಷ್ಟಾದ ಮೇಲೆ 14ನೇ ವಚನಕ್ಕೆ ಬರುತ್ತೇನೆ. ಇಲ್ಲಿ ನಾನು ಮಾತಾಡುವುದಿಲ್ಲ. ಇಬ್ಬರಿಗೆ ಓದಲು ಕೊಡುತ್ತೇನೆ. ಅರಸನ ಮಾತು ವಯಸ್ಸಿನಲ್ಲಿ ಚಿಕ್ಕವರು, ಪ್ರವಾದಿಯ ಮಾತು ಹಿರಿಯರು. ನಾಟಕ ಬೇಡ, ಸುಮ್ನೆ ಓದಿ, ಆದರೆ ನಿಧಾನ ಅಂತ ಹೇಳುತ್ತೇನೆ. ಮುಂಚೆ ಒಂದು ಸಲ ಮನೆಯಲ್ಲಿ ಓದಿಕೊಂಡು ಬಂದರೆ ಒಳ್ಳೆಯದು, ಇಲ್ಲದಿದ್ದರೆ ಹೆಸರುಗಳ ಹತ್ತಿರ ತಡವರಿಸಿ ಓಟ ಕೆಡುತ್ತದೆ. ಆಲಯದ ಮೂರನೇ ಬಾಗಿಲಲ್ಲಿ ಅರಸ ಕೇಳುತ್ತಾನೆ: ಒಂದು ವಿಷಯ ಕೇಳಬೇಕು, ಮುಚ್ಚಿಡಬೇಡ. ಯೆರೆಮೀಯ ಹೇಳುತ್ತಾನೆ: ಹೇಳಿದರೆ ಕೊಲ್ಲಿಸುತ್ತೀ, ಬುದ್ಧಿ ಹೇಳಿದರೆ ಕೇಳುವುದಿಲ್ಲ. ಅರಸ ಗುಟ್ಟಾಗಿ ಆಣೆ ಇಡುತ್ತಾನೆ. ಆಗ ಪ್ರವಾದಿ ಹೇಳಿದ್ದು ತುಂಬಾ ಸರಳ: ಹೊರಗೆ ಹೋಗಿ ಬಾಬೆಲಿನ ಸರದಾರರಿಗೆ ಶರಣಾಗು. ನೀನೂ ಬದುಕುತ್ತೀ, ನಿನ್ನ ಮನೆಯವರೂ ಬದುಕುತ್ತಾರೆ, ಊರು ಸುಡುವುದಿಲ್ಲ.

19ನೇ ವಚನ ಬಂದಾಗ ಓದುವವರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತೇನೆ. ಅರಸನಿಗೆ ಯಾರ ಭಯ? ಹೆಚ್ಚಿನವರು ಪುಸ್ತಕ ನೋಡದೆ ನೆಬೂಕದ್ನೆಚ್ಚರ ಅನ್ನುತ್ತಾರೆ. ಪುಸ್ತಕ ನೋಡಿ ಅನ್ನುತ್ತೇನೆ. ಅಲ್ಲಿ ಇರುವುದು ಬೇರೆ. ಈಗಾಗಲೇ ಬಾಬೆಲಿನವರ ಕಡೆ ಸೇರಿಕೊಂಡ ಯೆಹೂದ್ಯರ ಭಯ. ಅವರ ಕೈಗೆ ನನ್ನನ್ನು ಒಪ್ಪಿಸಿಬಿಟ್ಟರೆ, ಅವರು ನನ್ನನ್ನು ಹಂಗಿಸಿ ಆಟ ಆಡಿಸಿದರೆ? ಊರು ಹಸಿವಿನಿಂದ ಸಾಯುತ್ತಿದೆ. ರೊಟ್ಟಿ ಸುಡುವವರ ಬೀದಿಯಲ್ಲಿ ಹಿಟ್ಟು ಮುಗಿಯುತ್ತಾ ಬಂದಿದೆ. ಅರಸನ ಕಾಲನ್ನು ಕಟ್ಟಿಹಾಕಿದ್ದು ತನ್ನ ಜನರ ಮುಂದೆ ಆಗುವ ಅವಮಾನ. ಇದು ಗೊತ್ತಾದ ಕೂಡಲೇ ಕೂತವರಲ್ಲಿ ಮಾತು ಶುರುವಾಗುತ್ತದೆ. ಸಾಲ ತೀರಿಸಲಾಗದೆ ಅಣ್ಣತಮ್ಮಂದಿರ ಹತ್ತಿರ ಹೇಳಿಕೊಳ್ಳಲು ಹೆದರಿದವರು, ಬಂಧುಗಳು ಏನಂತಾರೋ ಅಂತ ಮಗಳ ಕಷ್ಟ ಮುಚ್ಚಿಟ್ಟವರು ಇರುತ್ತಾರೆ. ನಾನು ಯಾರನ್ನೂ ಕೇಳುವುದಿಲ್ಲ, ಅವರಾಗಿಯೇ ಹೇಳುತ್ತಾರೆ.

ಯೆರೆಮೀಯನ ಉತ್ತರ ನನಗೆ ಪ್ರಾಣ. ಅವನು ಬೈಯಬಹುದಿತ್ತು. ಕೆಸರಿನಿಂದ ಎದ್ದು ಬಂದವನು, ನಿನ್ನ ಮಾನ ದೊಡ್ಡದೋ ಊರು ದೊಡ್ಡದೋ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಮೊದಲ ಮಾತೇ, ನಿನ್ನನ್ನು ಅವರ ಕೈಗೆ ಒಪ್ಪಿಸುವುದಿಲ್ಲ. ಅರಸ ಹೇಳಿಕೊಂಡ ಆ ಸಣ್ಣ, ನಾಚಿಕೆಯ ಭಯಕ್ಕೆ ನೇರ ಉತ್ತರ. ಅದಾದ ಮೇಲೆ ಬೇಡಿಕೊಳ್ಳುತ್ತಾನೆ: ದಯವಿಟ್ಟು ಯೆಹೋವನ ಮಾತು ಕೇಳು, ನಿನಗೆ ಒಳ್ಳೆಯದಾಗುತ್ತದೆ, ನಿನ್ನ ಪ್ರಾಣ ಉಳಿಯುತ್ತದೆ. ಕೇಳದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಅರಮನೆಯ ಹೆಂಗಸರನ್ನು ಹೊರಗೆ ಒಯ್ಯುವಾಗ ಅವರು ಹಾಡುವ ಶೋಕದ ಮಾತು ಹೇಳುತ್ತಾನೆ: ನಿನ್ನ ಆಪ್ತರು ನಿನಗೆ ಮೋಸ ಮಾಡಿದರು, ನಿನ್ನ ಕಾಲು ಕೆಸರಿನಲ್ಲಿ ಹೂತವು, ಅವರು ಬಿಟ್ಟು ಹೋದರು. ಕೆಸರು ಅಂದರೆ ಏನು ಅಂತ ಗೊತ್ತಿದ್ದವನ ಬಾಯಿಂದ ಬಂದ ಮಾತು ಇದು. ಅವನನ್ನು ಎತ್ತಲು ಎಬೆದ್ಮೆಲೆಕ ಇದ್ದ. ಅರಸನನ್ನು ಎತ್ತುವವರು ಯಾರೂ ಇರುವುದಿಲ್ಲ.

ಈ ಹಂತದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ, ಹೆಚ್ಚಾಗಿ ಯುವಕರಿಂದ. ಶತ್ರುವಿಗೆ ಶರಣಾಗು ಅನ್ನುವವನು ದೇಶದ್ರೋಹಿ ಅಲ್ವಾ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ, ಸಮಯ ಕೊಡುತ್ತೇನೆ. ಮೊದಲು, ಚಿದ್ಕೀಯ ನೆಬೂಕದ್ನೆಚ್ಚರನಿಗೆ ನಂಬಿಗಸ್ತನಾಗಿರುತ್ತೇನೆ ಅಂತ ದೇವರ ಹೆಸರಿನಲ್ಲೇ ಆಣೆ ಇಟ್ಟಿದ್ದ. ಎರಡನೇ ಪೂರ್ವಕಾಲವೃತ್ತಾಂತ 36:13 ನೋಡಿ. ಆ ಆಣೆ ಮುರಿದದ್ದನ್ನು ಬಾಬೆಲಿನಲ್ಲಿದ್ದ ಪ್ರವಾದಿ ಯೆಹೆಜ್ಕೇಲ ತನ್ನ ಪುಸ್ತಕದ 17ನೇ ಅಧ್ಯಾಯದಲ್ಲಿ ಬಹಳ ಕಟುವಾಗಿ ಖಂಡಿಸುತ್ತಾನೆ. ಆಮೇಲೆ ಯೆರೆಮೀಯನ ಬದುಕನ್ನು ನೋಡಿ ಅನ್ನುತ್ತೇನೆ. ಊರಿಗೆ ಮುತ್ತಿಗೆ ಬಿದ್ದಿರುವಾಗಲೇ ಅವನು ಅನಾತೋತಿನಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೊಲ ಕೊಂಡ, ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಈ ನಾಡಿನಲ್ಲಿ ಮತ್ತೆ ಹೊಲಮನೆ ಕೊಳ್ಳುವ ಕಾಲ ಬರುತ್ತದೆ ಅಂತ ನಂಬಿ ಕೊಂಡದ್ದು. ಊರು ಬಿದ್ದ ಮೇಲೆ ಬಾಬೆಲಿನ ಸೇನಾಧಿಪತಿ, ನನ್ನ ಜೊತೆ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂದಾಗ ಹೋಗಲಿಲ್ಲ. ನಾಡಿನಲ್ಲಿ ಉಳಿದ ಬಡವರ ಜೊತೆ ಉಳಿದ. ದ್ರೋಹಿ ಹೀಗೆ ಮಾಡುವುದಿಲ್ಲ.

ಇನ್ನೊಂದು ವಿಷಯವನ್ನು ನಾನು ಇಲ್ಲೇ ಸೇರಿಸುತ್ತೇನೆ, ಯಾಕೆಂದರೆ ಅದು ಅರಸನ ಕಣ್ಣ ಮುಂದೆ ಇತ್ತು. ಅವನ ಅಣ್ಣನ ಮಗ ಯೆಹೋಯಾಖೀನ ಶರಣಾಗಿದ್ದ, ಬದುಕಿಯೂ ಇದ್ದ. ಬಾಬೆಲಿನ ಅರಮನೆಯ ಉಗ್ರಾಣದ ಲೆಕ್ಕದ ಮಣ್ಣಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಗಂಡುಮಕ್ಕಳಿಗೂ ಕೊಟ್ಟ ಎಣ್ಣೆಯ ಪಡಿ ಬರೆದಿದೆ. ಎರಡನೇ ಅರಸುಗಳ ಕೊನೆಯ ವಚನಗಳಲ್ಲಿ ಅವನು ಸೆರೆಯಿಂದ ಹೊರಗೆ ಬಂದು ಬಾಬೆಲಿನ ಅರಸನ ಪಂಕ್ತಿಯಲ್ಲಿ ಊಟ ಮಾಡುತ್ತಾನೆ. ಯೆರೆಮೀಯ ಹೇಳಿದ ದಾರಿಯಲ್ಲಿ ಒಬ್ಬ ಅರಸ ಆಗಲೇ ನಡೆದು ತೋರಿಸಿದ್ದ. ಚಿದ್ಕೀಯನಿಗೆ ಕಾಣುವುದಕ್ಕೆ ಏನೂ ಕಡಿಮೆ ಇರಲಿಲ್ಲ.

ಅರಸ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಈ ಮಾತು ಯಾರಿಗೂ ಗೊತ್ತಾಗಬಾರದು ಅಂದ. ಅಧಿಕಾರಿಗಳು ಕೇಳಿದರೆ, ಸೆರೆಮನೆ ಮಾಡಿದ್ದ ಯೋನಾಥಾನನ ಮನೆಗೆ ನನ್ನನ್ನು ಮತ್ತೆ ಕಳಿಸಬೇಡ ಅಂತ ಬೇಡಿಕೊಂಡೆ ಅನ್ನು ಅಂತ ಹೇಳಿಕೊಟ್ಟ. ಯೆರೆಮೀಯ ಹಾಗೆಯೇ ಹೇಳಿದ. ಪ್ರವಾದಿ ಸುಳ್ಳು ಹೇಳಿದನೇ ಅಂತ ಕೆಲವರು ಕೇಳುತ್ತಾರೆ. 37ನೇ ಅಧ್ಯಾಯದಲ್ಲಿ ಅವನು ನಿಜವಾಗಿ ಹಾಗೆ ಬೇಡಿಕೊಂಡಿದ್ದ. ಉಳಿದದ್ದನ್ನು ಹೇಳಲಿಲ್ಲ. ಅರಸನ ಪ್ರಾಣ ತನ್ನ ಬಾಯಿಯಲ್ಲಿದೆ ಅಂತ ಗೊತ್ತಿದ್ದು ಸುಮ್ಮನಿದ್ದ ಅಂತ ನಾನು ಓದುತ್ತೇನೆ. ಬೇರೆ ರೀತಿ ಓದುವವರೂ ಇದ್ದಾರೆ, ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ.

39ನೇ ಅಧ್ಯಾಯದ ಮೊದಲ ಎಂಟು ವಚನಗಳನ್ನು ವಿವರಣೆ ಇಲ್ಲದೆ ಓದಿಸುತ್ತೇನೆ. ರಾತ್ರಿ ಅರಸನ ತೋಟದ ದಾರಿಯಿಂದ ಓಡಿಹೋದದ್ದು, ಯೆರಿಕೋವಿನ ಬಯಲಿನಲ್ಲಿ ಸಿಕ್ಕಿಬಿದ್ದದ್ದು, ರಿಬ್ಲದಲ್ಲಿ ಮಕ್ಕಳನ್ನು ಅವನ ಕಣ್ಣೆದುರೇ ಕೊಂದದ್ದು, ಆಮೇಲೆ ಕಣ್ಣು ಕಿತ್ತದ್ದು. ಕೊನೆಗೆ ಊರಿಗೆ ಬೆಂಕಿ. ಚಿಕ್ಕ ಮಕ್ಕಳು ಕೂತಿದ್ದರೆ ರಿಬ್ಲದ ಭಾಗವನ್ನು ಬಿಟ್ಟು ಓದಿಸುತ್ತೇನೆ. 15ನೇ ವಚನದಿಂದ ಎಬೆದ್ಮೆಲೆಕನಿಗೆ ಸಿಕ್ಕ ವಾಗ್ದಾನವನ್ನು ಮಾತ್ರ ಬಿಡಬಾರದು. ನೀನು ನನ್ನಲ್ಲಿ ಭರವಸೆ ಇಟ್ಟೆ, ನಿನ್ನ ಪ್ರಾಣ ಉಳಿಯುತ್ತದೆ ಅಂತ ದೇವರು ಅವನಿಗೆ ಹೇಳುತ್ತಾನೆ. ಅವನೂ ಹೆದರಿದ್ದವನೇ, ಯಾರಿಗೆ ಹೆದರುತ್ತೀಯೋ ಅವರ ಕೈಗೆ ನಿನ್ನನ್ನು ಕೊಡುವುದಿಲ್ಲ ಅಂತ ಅಲ್ಲೇ ಬರೆದಿದೆ. ಅರಸನಿಗೆ ಸಿಕ್ಕ ಮಾತೇ ಈ ಕೂಷ್ಯನಿಗೂ ಸಿಕ್ಕಿತು. ಇವನು ಹೆದರಿಕೊಂಡೇ ಅರಸನ ಹತ್ತಿರ ಹೋಗಿ ಮಾತಾಡಿದ್ದ, ಹೆದರಿಕೊಂಡೇ ಹಗ್ಗ ಇಳಿಸಿದ್ದ.

ಇಷ್ಟಕ್ಕೆ ಒಂದು ಸಂಜೆ ಮುಗಿಯುತ್ತದೆ, ಎಷ್ಟೋ ಸಲ ಸಾಲುವುದೂ ಇಲ್ಲ. ಮುಂದಿನ ವಾರಕ್ಕೆ 42ನೇ ಅಧ್ಯಾಯ ಕೊಡುತ್ತೇನೆ. ಅಲ್ಲಿ ಉಳಿದ ಜನ ಬಂದು, ಒಳ್ಳೆಯದಿರಲಿ ಕೆಟ್ಟದಿರಲಿ, ದೇವರು ಹೇಳಿದ್ದನ್ನು ಕೇಳುತ್ತೇವೆ ಅಂತ ಯೆರೆಮೀಯನಿಗೆ ಮಾತು ಕೊಡುತ್ತಾರೆ. ಉತ್ತರ ಬರುವುದು ಹತ್ತು ದಿನದ ಮೇಲೆ. 43ನೇ ಅಧ್ಯಾಯದ ಮೊದಲ ಏಳು ವಚನಗಳನ್ನೂ ಸೇರಿಸಿ ಓದಿಕೊಂಡು ಬನ್ನಿ ಅಂತ ಹೇಳುತ್ತೇನೆ.