ರೊಟ್ಟಿಯ ಎಸರಿನಿಂದ ಕಲಿತ ಆಟದ ಹಿಟ್ಟು

ಮಕ್ಕಳಿಗೆ ಆಟದ ಹಿಟ್ಟು ಮಾಡಲು ಹೋಗಿ ಎರಡು ಸಲ ಕೆಟ್ಟೆ. ಮೂರನೇ ಸಲ ದಾರಿ ತೋರಿಸಿದ್ದು ನಮ್ಮತ್ತೆ. ಅದೂ "ಉಣ್ಣೋ ಹಿಟ್ಟನ್ನ ಹುಡುಗ್ರ ಕೈಗೆ ಕೊಟ್ಟು ಆಡಿಸ್ತೀಯಲ್ಲ, ಏನವ್ವಾ ನೀನು" ಎಂದು ಎರಡು ದಿನ ಮುಖ ಕೊಟ್ಟು ಮಾತಾಡದಿದ್ದ ಅತ್ತೆ.

ದಾವಣಗೆರೆಯ ಏಪ್ರಿಲ್ ಗೊತ್ತಿದ್ದವರಿಗೆ ಗೊತ್ತು. ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಮಗಳಿಗೆ ಆರು, ಮಗನಿಗೆ ನಾಲ್ಕು. ಅಂಗಡಿಯಿಂದ ತಂದ ಬಣ್ಣದ ಹಿಟ್ಟಿನ ಡಬ್ಬಿಗಳ ಮುಚ್ಚಳ ತೆಗೆದಿಟ್ಟು ಮರೆತರು. ಒಣಗಾಳಿಗೆ ಒಂದೇ ರಾತ್ರಿಯಲ್ಲಿ ಅದು ಕಲ್ಲಾಯಿತು. ಮನೆಯಲ್ಲೇ ಮಾಡಿದರಾಯಿತು, ಹಿಟ್ಟು ಕಲಸುವುದು ನನಗೆ ಬಾರದ್ದೇ ಎಂದುಕೊಂಡೆ.

ಮೊದಲ ಸಲ ಗೋಧಿ ಹಿಟ್ಟು, ಚಿಟಿಕೆ ಉಪ್ಪು, ತಣ್ಣೀರು. ಅಂದರೆ ಚಪಾತಿ ಹಿಟ್ಟು, ಅಷ್ಟೇ. ಮೂರನೇ ದಿನ ಡಬ್ಬಿ ತೆಗೆದರೆ ಹುಳಿ ವಾಸನೆ. ಎರಡನೇ ಸಲ ಮೈದಾ ತಂದು ಉಪ್ಪು ಹೆಚ್ಚಿಸಿದೆ. ವಾಸನೆ ಬರಲಿಲ್ಲ, ಆದರೆ ಹಿಟ್ಟು ರಬ್ಬರ್ ಆಯಿತು. ಮಗ ಹಾವು ಹೊಸೆದಿಟ್ಟರೆ ಅದು ನೋಡನೋಡುತ್ತಲೇ ಕುಗ್ಗಿ ಹುಳುವಾಗುತ್ತಿತ್ತು. ಜೊತೆಗೆ ಬೆರಳಿಗೆಲ್ಲ ಅಂಟು.

ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲವೇನೋ, "ಹಸಿ ಹಿಟ್ಟು ಹಂಗೇ ಕಣವ್ವಾ. ರೊಟ್ಟಿಗೆ ಬಿಟ್ಟಂಗೆ ಎಸರು ಬಿಟ್ಟು ನೋಡು" ಎಂದರು.

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಜಿಗುಟು ಇಲ್ಲ. ತಣ್ಣೀರಲ್ಲಿ ಕಲಸಿ ತಟ್ಟಿದರೆ ರೊಟ್ಟಿ ಬಿರುಕು ಬಿಡುತ್ತದೆ, ಅದಕ್ಕೇ ನಾವು ಕುದಿನೀರು ಬಿಡುವುದು. 60 ಡಿಗ್ರಿಯ ಆಸುಪಾಸು ದಾಟಿದ ಮೇಲೆ ಹಿಟ್ಟಿನ ಪಿಷ್ಟ ನೀರು ಕುಡಿದು ಊದಿಕೊಂಡು ತಾನೇ ಬಂಧ ಕೊಡುತ್ತದೆ. ಮೈದಾಕ್ಕೆ ಎಸರು ಬಿಟ್ಟರೆ ಇನ್ನೊಂದು ಲಾಭ: ಅದರಲ್ಲಿರುವ ಗ್ಲುಟೆನ್ ಎಂಬ ಜಿಗುಟು ಬಿಸಿಗೆ ಬೆಂದು ಎಳೆದರೆ ಹಿಂದಕ್ಕೆ ಸರಿಯುವ ಗುಣ ಕಳೆದುಕೊಳ್ಳುತ್ತದೆ. ಹಾವು ಹಾವಾಗಿಯೇ ಉಳಿಯುತ್ತದೆ. ಮೊದಲ ಸೋಲಿಗೆ ಕಾರಣ ಉಪ್ಪು ಕಡಿಮೆಯಾದದ್ದು, ಎರಡನೇ ಸೋಲಿಗೆ ಈ ತಣ್ಣೀರು. ದಿನಾ ರೊಟ್ಟಿ ಬಡಿಯುವ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಈಗ ನನ್ನ ಅಳತೆ ಹೀಗೆ. ಎರಡು ಲೋಟ ಮೈದಾಕ್ಕೆ ಒಂದು ಲೋಟ ಪುಡಿ ಉಪ್ಪು. ಇಷ್ಟೊಂದು ಉಪ್ಪೇ ಎಂದು ಕೈ ಹಿಂಜರಿಯುತ್ತದೆ, ಕಡಿಮೆ ಮಾಡಬೇಡಿ. ಬೂಸ್ಟು ಹಿಡಿಯದ ಹಾಗೆ ಕಾಯುವುದು ಅದೇ. ಆದರೆ 100 ಮಿಲಿ ನೀರಲ್ಲಿ ಕರಗುವುದು ಸುಮಾರು 36 ಗ್ರಾಂ ಉಪ್ಪು ಮಾತ್ರ. ಇಷ್ಟೂ ಉಪ್ಪು ಕರಗುವುದಿಲ್ಲ, ಉಳಿದದ್ದು ಮರಳಿನಂತೆ ಕೈಗೆ ಸಿಗುತ್ತದೆ. ಅದಕ್ಕೆ ನಾನು ಉಪ್ಪನ್ನು ಮಿಕ್ಸಿಯಲ್ಲಿ ಒಮ್ಮೆ ತಿರುವಿ, ಒಣಗಿದ್ದಾಗಲೇ ಮೈದಾದ ಜೊತೆ ಬೆರೆಸುತ್ತೇನೆ. ಎರಡು ದೊಡ್ಡ ಚಮಚ ಎಣ್ಣೆ, ಎರಡು ಚಮಚ ನಿಂಬೆರಸ. ಹೊರದೇಶದ ಅಳತೆಗಳಲ್ಲಿ ಕ್ರೀಮ್ ಆಫ್ ಟಾರ್ಟರ್ ಎಂದಿರುತ್ತದೆ. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಕೇಳಿದ್ದಕ್ಕೆ ಅವರು ಔಷಧಿ ಅಂಗಡಿಗೆ ಹೋಗಮ್ಮ ಎಂದರು. ಅದೂ ಒಂದು ಹುಳಿಯೇ, ನಿಂಬೆಹಣ್ಣಿನಲ್ಲಿ ನನ್ನ ಕೆಲಸ ನಡೆದಿದೆ.

ಒಂದೂವರೆ ಲೋಟ ನೀರನ್ನು ಗುಳ್ಳೆ ಏಳುವವರೆಗೆ ಕುದಿಸಿ, ಸ್ವಲ್ಪಸ್ವಲ್ಪವೇ ಬಿಡುತ್ತಾ ಮುದ್ದೆ ಕೋಲಿನಿಂದ ತಿರುವಬೇಕು. ಪೂರ್ತಿ ಒಮ್ಮೆಲೇ ಸುರಿಯಬೇಡಿ, ಹಿಟ್ಟು ಹಳತೋ ಹೊಸತೋ ನೋಡಿಕೊಂಡು ನೀರು ಹೆಚ್ಚುಕಡಿಮೆ ಬೇಕಾಗುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಐದು ನಿಮಿಷ ಚೆನ್ನಾಗಿ ನಾದಿ. ಬೆರಳು ಒತ್ತಿದರೆ ಗುಳಿ ಉಳಿಯಬೇಕು, ಬೆರಳಿಗೆ ಹಿಟ್ಟು ಬರಬಾರದು. ಬಂದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಮಗುಚಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಉಪ್ಪು ಹುಳಿ ಎರಡೂ ಸೇರಿ ಅದನ್ನು ತಿನ್ನುತ್ತವೆ. ಇಷ್ಟೂ ದೊಡ್ಡವರ ಕೆಲಸ. ಮಕ್ಕಳು ಬರುವುದು ಹಿಟ್ಟು ಆರಿದ ಮೇಲೆ.

ಬಣ್ಣಕ್ಕೆ ಅರಿಸಿನ ಸುಲಭ. ಆದರೆ ಮೊದಲ ದಿನ ಮಗಳು ಆಡಿ ಬಂದು ಸೋಪು ಹಚ್ಚಿಕೊಂಡಳು, ಅಂಗೈ ಕೆಂಪಾಯಿತು. ರಕ್ತ ಅಂದುಕೊಂಡು ಕಿರುಚಿದಳು. ಅರಿಸಿನಕ್ಕೆ ಸುಣ್ಣ ಹಾಕಿದರೆ ಓಕುಳಿ ಆಗುತ್ತದಲ್ಲ, ಸೋಪಿನ ಕ್ಷಾರಕ್ಕೂ ಅದೇ ಆಗುವುದು. ನೀರು ಬಿಟ್ಟಂತೆ ಹೋಯಿತು. ಬೀಟ್‌ರೂಟ್ ರಸ ಮೊದಲೆರಡು ದಿನ ಚೆಂದದ ಗುಲಾಬಿ, ವಾರದಲ್ಲಿ ಚಹಾದ ಬಣ್ಣ. ಹಸಿರಿಗೆ ಪಾಲಕ್ ಹಾಕಿದ್ದು ಇನ್ನೂ ಬೇಗ ಮಾಸಿತು. ಬೇಕರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ತಿನ್ನುವ ಬಣ್ಣ ಸಿಗುತ್ತದೆ, ನಾನೀಗ ನಾಲ್ಕು ಹನಿ ಅದನ್ನೇ ಹಾಕುತ್ತೇನೆ. ಹೋಳಿಯ ಬಣ್ಣ, ಕುಂಕುಮ ಖಂಡಿತ ಬೇಡ.

ಇಡುವುದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಸ್ಟೀಲ್ ಡಬ್ಬಿಯಲ್ಲಿಟ್ಟು ಒಳಗೆಲ್ಲ ಕಂದು ಚುಕ್ಕೆ ಬರಿಸಿಕೊಂಡಿದ್ದೇನೆ, ಅದು ಅತ್ತೆಯ ತವರಿನ ಡಬ್ಬಿ ಬೇರೆ. ಬೇಸಿಗೆಯಲ್ಲಿ ಮೇಲೆ ಪದರ ಕಟ್ಟಿದರೆ ಒದ್ದೆ ಕೈಯಲ್ಲಿ ನಾದಿದರೆ ಸಾಕು. ಜೂನ್ ಮಳೆ ಬಂದಾಗ ಉಪ್ಪು ಗಾಳಿಯ ತೇವ ಎಳೆದು ಜಿಗುಟಾಗುತ್ತದೆ, ಆಗ ಒಂದು ಮುಷ್ಟಿ ಮೈದಾ. ನಮ್ಮಲ್ಲಿ ಒಂದೂವರೆ ತಿಂಗಳು ಬಂದದ್ದಿದೆ.

ಎಲ್ಲ ತಿನ್ನುವ ಸಾಮಾನೇ ಆದರೂ ಇದು ತಿನ್ನುವ ವಸ್ತುವಲ್ಲ. ಒಂದು ಉಂಡೆಯಲ್ಲಿರುವ ಉಪ್ಪೇ ಸಣ್ಣ ಮಗುವಿಗೆ ಅಪಾಯ. ನನ್ನ ಮಗ ಒಮ್ಮೆ ನೆಕ್ಕಿ ಮುಖ ಕಿವುಚಿದ, ಮತ್ತೆ ಬಾಯಿಗಿಡಲಿಲ್ಲ. ಕಂಡದ್ದೆಲ್ಲ ಬಾಯಿಗಿಡುವ ವಯಸ್ಸಿನ ಕೂಸುಗಳಿಗೆ ಕೊಡಲೇಬೇಡಿ. ನಾಯಿಗೂ ಎಟುಕಬಾರದು. ಗೋಧಿ ಆಗಿಬರದ ಮಕ್ಕಳಿಗೆ ಜೋಳದ ಹಿಟ್ಟಿನಲ್ಲಿ ಮಾಡಿ ನೋಡಿದ್ದೇನೆ. ಆ ದಿನದ ಮಟ್ಟಿಗೆ ಚೆನ್ನಾಗಿರುತ್ತದೆ, ಮರುದಿನ ಬಿರಿಯುತ್ತದೆ.

ಇವರಿಗೆ ಆಟದ ಸಾಮಾನು ಬೇರೆ ಬೇಕಿಲ್ಲ. ಬಾಟಲಿ ಮುಚ್ಚಳ, ಬಾಚಣಿಗೆ, ಕಣ್ಣಿಗೆ ಒಂದೊಂದು ಮಂಡಕ್ಕಿ. ಮಂಡಕ್ಕಿ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಎಲ್ಲ ಪ್ರಾಣಿಗಳೂ ಕುರುಡಾಗುತ್ತವೆ, ಅದು ಬೇರೆ ಮಾತು. ಚಕ್ಕುಲಿ ಒರಳು ಮಾತ್ರ ಬಚ್ಚಿಡಿ. ನಮ್ಮದರಲ್ಲಿ ಶಾವಿಗೆ ಒತ್ತಿ, ಒಣಗಿದ ಹಿಟ್ಟನ್ನು ಸೂಜಿಯಿಂದ ಕೀಳಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಇಂಥ ಹಿಟ್ಟು ಅಮೆರಿಕದ ಸಿನ್ಸಿನಾಟಿಯಲ್ಲಿ ಮೊದಲು ಗೋಡೆಯ ಕಾಗದಕ್ಕೆ ಹಿಡಿದ ಕಲ್ಲಿದ್ದಲ ಮಸಿ ಒರೆಸಲು ಬಳಕೆಯಲ್ಲಿತ್ತು, 1956ರಲ್ಲಿ ಪ್ಲೇ-ಡೋ ಎಂಬ ಹೆಸರಲ್ಲಿ ಆಟಿಕೆಯಾಗಿ ಮಾರಾಟಕ್ಕೆ ಬಂತು ಎಂದು ಅತ್ತೆಗೆ ಓದಿ ಹೇಳಿದೆ. "ಅವ್ರಿಗೆ ಗೋಡೆ ಒರ್ಸೋಕೂ ಹಿಟ್ಟು ಬೇಕಾಗಿತ್ತಾ" ಎಂದರು.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಮಕ್ಕಳು ಹಳದಿ ಎತ್ತು ಮಾಡಿ ಜಗಲಿಯ ಮೇಲೆ ಇಟ್ಟರು. ಪೂಜೆಗೆ ಎರೆಮಣ್ಣಿನದೇ ಆಗಬೇಕು ಎಂದು ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಕೂತು, "ಇಣಿ ಇಷ್ಟು ಚಿಕ್ಕದಿದ್ರೆ ನೊಗ ಎಲ್ಲಿ ನಿಲ್ತೈತೆ" ಎನ್ನುತ್ತಾ ಡಬ್ಬಿಯಿಂದ ಇನ್ನೊಂದು ಚೂರು ಹಿಟ್ಟು ಕೇಳಿದರು.