ಕಾರಿನ ಎಸಿಗೆ ಗ್ಯಾಸ್: ಮನೆಯಲ್ಲೇ ತುಂಬಿಸಬೇಕಾ, ಶಾಪಿಗೆ ಹೋಗಬೇಕಾ?

ಜೂನ್ ಬಂತೆಂದರೆ ಡಲ್ಲಾಸ್ ಕಡೆ ಹೊಸದಾಗಿ ಬಂದ ನಮ್ಮವರಿಂದ ನನಗೊಂದು ಫೋನ್ ಬಂದೇ ಬರುತ್ತದೆ. "ಅಣ್ಣ, ಕಾರಿನ ಎಸಿ ತಣ್ಣಗಾಗ್ತಿಲ್ಲ. ಗ್ಯಾಸ್ ಎಲ್ಲಿ ತುಂಬಿಸೋದು?" ಬಂದು ಆರೇಳು ತಿಂಗಳಾಗಿರುತ್ತದೆ. ಹತ್ತು ಹನ್ನೆರಡು ವರ್ಷ ಓಡಿದ ಹಳೇ ಕಾರು. ಚಳಿಗಾಲದಲ್ಲಿ ಕೊಂಡಿದ್ದರಿಂದ ಎಸಿ ಹೇಗಿದೆ ಅಂತ ಯಾರೂ ನೋಡಿರುವುದಿಲ್ಲ. ಈಗ ಹೊರಗೆ 38 ಡಿಗ್ರಿ, ಇಲ್ಲಿನ ಲೆಕ್ಕದಲ್ಲಿ 100. ಬಿಸಿಲಲ್ಲಿ ನಿಂತ ಕಾರಿನ ಸ್ಟೀರಿಂಗ್ ಮುಟ್ಟಲಾಗುವುದಿಲ್ಲ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಒಂದು ಡಬ್ಬ ತಂದು ತುಂಬಿಸಿಬಿಡೋಣ ಅನ್ನಿಸುವುದು ಸಹಜ. ಫೋನಿನಲ್ಲಿ ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಮಾತಿನ ವಿಷಯ. ಇಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್. ಶಾಪಿಗೆ, ಅಂದರೆ ಕಾರು ರಿಪೇರಿಯ ಜಾಗಕ್ಕೆ, ಹೋಗಿ "ಗ್ಯಾಸ್ ಕಡಿಮೆಯಾಗಿದೆ" ಎಂದರೆ ಅವರು ಬಂಕಿನ ದಾರಿ ತೋರಿಸುತ್ತಾರೆ. "ಎಸಿ ರೀಚಾರ್ಜ್" ಅನ್ನಿ, ಅಥವಾ "ರೆಫ್ರಿಜರೆಂಟ್" ಅನ್ನಿ. ವಯಸ್ಸಾದ ಮೆಕ್ಯಾನಿಕ್‌ಗಳು ಇವತ್ತಿಗೂ "ಫ್ರಿಯಾನ್" ಅನ್ನುತ್ತಾರೆ. ಈ ಬರಹದಲ್ಲಿ ಮಾತ್ರ ನಮ್ಮ ಅಭ್ಯಾಸದಂತೆ ಗ್ಯಾಸ್ ಎಂದೇ ಬರೆಯುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಒಂದಿದೆ. ಎಸಿ ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಅದು ಪೆಟ್ರೋಲಿನಂತೆ ಉರಿದು ಹೋಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಊರಿನಲ್ಲಿ ಅಮ್ಮನ ಅಡುಗೆಮನೆಯ ಫ್ರಿಜ್ಜಿಗೆ ಯಾರೂ ವರ್ಷಾವರ್ಷ ಗ್ಯಾಸ್ ತುಂಬಿಸುವುದಿಲ್ಲ, ಅಲ್ವಾ? ಕಾರಿನದೂ ಅದೇ ಕೆಲಸ. ಆದರೆ ಕಾರು ಅಲುಗಾಡುತ್ತದೆ, ಅದರಲ್ಲಿ ರಬ್ಬರ್ ಪೈಪುಗಳಿವೆ, ಕೀಲು ಕೀಲಿಗೂ ರಬ್ಬರ್ ರಿಂಗುಗಳಿವೆ. ಹಾಗಾಗಿ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪ ಜಿನುಗಿ ಹೋಗುತ್ತದೆ. ಹತ್ತು ವರ್ಷದ ಕಾರಿನ ಎಸಿ ಮೊದಲಿನಷ್ಟು ತಣ್ಣಗಿಲ್ಲ ಎಂದರೆ ಅದು ಈ ಜಿನುಗು ಇರಬಹುದು. ಹೋದ ತಿಂಗಳು ತುಂಬಿಸಿದ್ದು ಈ ತಿಂಗಳು ಖಾಲಿ ಎಂದರೆ ಎಲ್ಲೋ ತೂತಿದೆ. ಮನೆಯಲ್ಲಾ ಶಾಪಿನಲ್ಲಾ ಅನ್ನುವ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಗ್ಯಾಸ್ ಕಡೆ ಹೋಗುವ ಮೊದಲು ದುಡ್ಡು ಕೇಳದ ಕೆಲವು ಪರೀಕ್ಷೆ ಮಾಡಿ. ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಏರ್ ಫಿಲ್ಟರ್ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಯಾವ ಸಲಕರಣೆಯೂ ಇಲ್ಲದೆ ತೆಗೆಯಬಹುದು. ಹಳೇ ಕಾರುಗಳಲ್ಲಿ ಅದು ಧೂಳು, ಎಲೆಗಳಿಂದ ಕಟ್ಟಿಕೊಂಡಿರುವುದನ್ನು ಎಷ್ಟು ಸಲ ನೋಡಿದ್ದೇನೋ. ಗಾಳಿ ತಣ್ಣಗಿದ್ದು, ಜೋರು ಮಾತ್ರ ಇಲ್ಲ ಎಂದರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಹೈವೇಯಲ್ಲಿ ಚೆನ್ನಾಗಿ ತಣ್ಣಗಿದ್ದು, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆಚ್ಚಗಾಗುತ್ತದೆಯೇ? ಹಾಗಿದ್ದರೆ ಮುಂದಿನ ಫ್ಯಾನ್ ನೋಡಿ. ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಕಾರಿನ ಮುಂಭಾಗದಲ್ಲಿರುತ್ತದೆ. ಕಾರು ಓಡುವಾಗ ಗಾಳಿ ತಾನಾಗಿ ಅದಕ್ಕೆ ಬಡಿಯುತ್ತದೆ, ನಿಂತಾಗ ಫ್ಯಾನೇ ಬೇಕು. ಎಸಿ ಹಾಕಿ, ಬಾನೆಟ್ ಎತ್ತಿ, ದೂರದಿಂದ ನೋಡಿ. ಸ್ವಲ್ಪ ಹೊತ್ತಾದರೂ ಫ್ಯಾನ್ ಸುತ್ತದಿದ್ದರೆ ಎಷ್ಟು ಡಬ್ಬ ಸುರಿದರೂ ಪ್ರಯೋಜನವಿಲ್ಲ. ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ ಬಂದರೆ ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಿರುಗಿಸುವ ಬಾಗಿಲಿನ ಪುಟ್ಟ ಮೋಟಾರ್ ಕೆಟ್ಟಿರಬಹುದು. ಕೆಲವು ಕಾರುಗಳಲ್ಲಿ ಗ್ಯಾಸ್ ಕಡಿಮೆಯಾದಾಗಲೂ ಹೀಗಾಗುತ್ತದೆ.

ಇದೆಲ್ಲ ಸರಿಯಿದ್ದರೆ ಬಾನೆಟ್ ಕೆಳಗಿನ ಲೇಬಲ್ ಓದಿ. ದಯವಿಟ್ಟು ಓದಿ. ಯಾವ ಗ್ಯಾಸ್, ಎಷ್ಟು ತೂಕ, ಎರಡೂ ಅದರಲ್ಲಿ ಬರೆದಿರುತ್ತದೆ. ತೊಂಬತ್ತರ ದಶಕದ ನಡುವಿನಿಂದ ಬಂದ ಕಾರುಗಳಲ್ಲಿ ಆರ್-134ಎ ಇರುತ್ತಿತ್ತು. 2013ರ ಆಸುಪಾಸಿನಿಂದ ಕಂಪನಿಗಳು ಒಂದೊಂದಾಗಿ ಆರ್-1234ವೈಎಫ್‌ಗೆ ಬದಲಾದವು. 2021ರ ಹೊತ್ತಿಗೆ ಇಲ್ಲಿ ಮಾರುವ ಬಹುತೇಕ ಹೊಸ ಕಾರುಗಳಲ್ಲಿ ಹೊಸದೇ ಬಂತು. ನಡುವಿನ ವರ್ಷಗಳ ಕಾರುಗಳಲ್ಲಿ ಎರಡೂ ಇವೆ, ಆದ್ದರಿಂದ ವರ್ಷ ನೋಡಿ ಊಹಿಸಬೇಡಿ. ಗ್ಯಾಸ್ ತುಂಬುವ ಬಾಯಿಯೂ ಎರಡಕ್ಕೆ ಬೇರೆ ಬೇರೆ ಅಳತೆ. ಒಂದರ ಪೈಪ್ ಇನ್ನೊಂದಕ್ಕೆ ಕೂರದಂತೆ ಬೇಕೆಂದೇ ಹಾಗೆ ಮಾಡಿದ್ದಾರೆ. ಒಬ್ಬ ಹುಡುಗ ಪೈಪ್ ಕೂರುತ್ತಿಲ್ಲ, ಅಡಾಪ್ಟರ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದ. ಅಡಾಪ್ಟರ್ ಹುಡುಕಬೇಡಿ. ಕೂರುತ್ತಿಲ್ಲ ಎಂದರೆ ಅದು ನಿಮ್ಮ ಕಾರಿನ ಗ್ಯಾಸ್ ಅಲ್ಲ. ಹೊಸ ಗ್ಯಾಸ್ ದುಬಾರಿ, ಅದಕ್ಕೆ ಸ್ವಲ್ಪ ಬೆಂಕಿ ಹತ್ತುವ ಗುಣವೂ ಇದೆ. ಆರ್-1234ವೈಎಫ್ ಕಾರನ್ನು ಶಾಪಿಗೇ ಒಯ್ಯಿರಿ ಎಂಬುದು ನನ್ನ ಸಲಹೆ. ವಾರಂಟಿ ಇನ್ನೂ ಇದ್ದರೆ ನೇರ ಡೀಲರ್ ಹತ್ತಿರ ಹೋಗಿ, ನೀವೇನೂ ಮುಟ್ಟಬೇಡಿ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಬಗ್ಗೆ ನನ್ನದು ಇನ್ನೂ ಗಟ್ಟಿ ಮಾತು. ನಮ್ಮವರು ಹಳೇ ಪ್ರಿಯಸ್ ಜಾಸ್ತಿ ಕೊಳ್ಳುತ್ತಾರೆ, ಒಳ್ಳೆಯ ಕಾರು. ಆದರೆ ಅದರ ಎಸಿ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಬೆಲ್ಟಿನಿಂದ ಅಲ್ಲ, ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್ ಕರೆಂಟಿನಿಂದ ಓಡುತ್ತದೆ. ಅದರೊಳಗಿನ ಎಣ್ಣೆಯೇ ಬೇರೆ, ಕರೆಂಟ್ ಹರಿಯಲು ಬಿಡದಂಥದ್ದು. ಅಂಗಡಿಯ ಅನೇಕ ಡಬ್ಬಗಳಲ್ಲಿ ಗ್ಯಾಸ್ ಜೊತೆ ಸಾಮಾನ್ಯ ಎಣ್ಣೆ ಬೆರೆಸಿರುತ್ತಾರೆ. ಅದು ಸ್ವಲ್ಪ ಒಳಗೆ ಹೋದರೂ ಕರೆಂಟ್ ಸೋರಿ ಕಂಪ್ರೆಸರ್ ಹಾಳಾಗಬಹುದು. ಬಾನೆಟ್ ಕೆಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಡಬ್ಬ ಕೆಳಗಿಡಿ.

ಇನ್ನು ಉಳಿದಿದ್ದು ಆರ್-134ಎ ಇರುವ ಹಳೇ ಪೆಟ್ರೋಲ್ ಕಾರು. ನನ್ನ ಮೊದಲ ಬೇಸಿಗೆಯ ಕಾರೂ ಇದೇ ಥರದ್ದು. ಒಂದು ಡಬ್ಬ ಹಾಕಿದೆ, ತಣ್ಣಗಾಯಿತು. ಇನ್ನೂ ತಣ್ಣಗಾಗಲಿ ಎಂದು ಎರಡನೆಯದನ್ನೂ ಹಾಕಿದೆ. ಡಬ್ಬದ ಮೇಲಿನ ಒತ್ತಡದ ಮೀಟರಿನ ಮುಳ್ಳು ಹಸಿರಿನಲ್ಲೇ ಇತ್ತು ಅಂತ ಧೈರ್ಯ. ವಾರದೊಳಗೆ ಮಧ್ಯಾಹ್ನದ ಬಿಸಿಲಿನಲ್ಲಿ ಎಸಿ ತಾನಾಗಿ ನಿಲ್ಲತೊಡಗಿತು. ಶಾಪಿನವರು ಇದ್ದ ಗ್ಯಾಸನ್ನೆಲ್ಲ ಹೊರತೆಗೆದು ತೂಗಿದಾಗ ಲೇಬಲ್ ಹೇಳುವುದಕ್ಕಿಂತ ಸುಮಾರು 200 ಗ್ರಾಂ ಜಾಸ್ತಿ ಇತ್ತು. ಗ್ಯಾಸ್ ಜಾಸ್ತಿಯಾದರೆ ಒತ್ತಡ ಏರುತ್ತದೆ, ತಂಪು ಕಡಿಮೆಯಾಗುತ್ತದೆ, ಒತ್ತಡ ಮಿತಿ ಮೀರಿದಾಗ ಕಂಪ್ರೆಸರ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ. ಹಾಗೇ ಓಡಿಸಿದ್ದರೆ ಕಂಪ್ರೆಸರ್ ಹೋಗಿ ಸಾವಿರ ಡಾಲರಿನ ಮೇಲೆ ಖರ್ಚಾಗುತ್ತಿತ್ತು.

ಮೀಟರ್ ಯಾಕೆ ನಂಬಬಾರದು ಎಂಬುದನ್ನು ನಮ್ಮ ಅಡುಗೆ ಸಿಲಿಂಡರ್‌ನಿಂದ ತಿಳಿಯಬಹುದು. ಸಿಲಿಂಡರ್ ಅರ್ಧವಾದರೂ ಒಲೆಯ ಉರಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಳಗೆ ದ್ರವ ಸ್ವಲ್ಪ ಇದ್ದರೂ ಸಾಕು, ಒತ್ತಡ ಅಷ್ಟೇ. ಅದಕ್ಕೇ ಮನೆಯಲ್ಲಿ ಸಿಲಿಂಡರ್ ಎತ್ತಿ, ಅಲ್ಲಾಡಿಸಿ ನೋಡುತ್ತಿದ್ದರು. ತೂಕ ಮಾತ್ರ ನಿಜ ಹೇಳುತ್ತದೆ. ಎಸಿ ಗ್ಯಾಸೂ ಹಾಗೇ. 27 ಡಿಗ್ರಿ ಶಾಖದಲ್ಲಿ, ಎಂಜಿನ್ ನಿಂತಾಗ, ಆರ್-134ಎ ಒತ್ತಡ 87 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಮಾನ) ಹತ್ತಿರ ಇರುತ್ತದೆ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 500 ಗ್ರಾಂ ಇದ್ದರೂ ಅಷ್ಟೇ. ಎಂಜಿನ್ ಓಡುವಾಗ ಮುಳ್ಳು ಹೊರಗಿನ ಬಿಸಿಲು, ಫ್ಯಾನ್, ಎಂಜಿನ್ ವೇಗ ಎಲ್ಲದಕ್ಕೂ ಕುಣಿಯುತ್ತದೆ. ಡಬ್ಬದ ಮೇಲಿನ ಸಣ್ಣ ಮೀಟರ್ ಒಂದು ಅಂದಾಜು ಅಷ್ಟೇ.

ಅದರಿಂದ ಮನೆಯಲ್ಲಿ ಮಾಡುವುದಾದರೆ ನನ್ನ ಕ್ರಮ ಹೀಗೆ. ಎಸಿ ಸ್ವಲ್ಪವಾದರೂ ತಣ್ಣಗೆ ಬರುತ್ತಿರಬೇಕು, ಕಂಪ್ರೆಸರ್ ಓಡುತ್ತಿರಬೇಕು. ಎಂಜಿನ್ ನಿಂತಾಗಲೇ ಮೀಟರ್ ಸೊನ್ನೆ ತೋರಿಸಿದರೆ ಗ್ಯಾಸೆಲ್ಲ ಹೋಗಿ ಒಳಗೆ ಗಾಳಿ, ತೇವ ಸೇರಿದೆ ಎಂದರ್ಥ. ಆಗ ಡಬ್ಬ ಬೇಡ. ವಾಲ್‌ಮಾರ್ಟ್, ಆಟೋಝೋನ್, ಒ'ರೈಲಿ ಎಲ್ಲ ಕಡೆ 12 ಔನ್ಸಿನ, ಅಂದರೆ 340 ಗ್ರಾಂ ಗ್ಯಾಸಿನ ಡಬ್ಬ ಸಿಗುತ್ತದೆ. ಬರೀ ಗ್ಯಾಸ್ ಇರುವುದನ್ನೇ ಕೊಳ್ಳಿ. "ಸ್ಟಾಪ್ ಲೀಕ್" ಎಂದು ಬರೆದ ಡಬ್ಬ ಬೇಡ. ಅದರಲ್ಲಿನ ಅಂಟು ಮುಂದೆ ಶಾಪಿನವರ ಯಂತ್ರಕ್ಕೆ ಸೇರಿ ಅದನ್ನು ಕೆಡಿಸಬಹುದು. ಹಾಗಾಗಿ ಅನೇಕರು ಪರೀಕ್ಷೆ ಮಾಡಿ ಅಂಥ ಕಾರನ್ನು ವಾಪಸ್ ಕಳಿಸುತ್ತಾರೆ. ಹತ್ತು ಡಾಲರ್ ಉಳಿಸಲು ಹೋಗಿ ಮುಂದಿನ ರಿಪೇರಿಯ ಬಾಗಿಲೇ ಮುಚ್ಚಿಕೊಂಡಂತೆ.

ಡಬ್ಬವನ್ನು ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಗ್ಯಾಸ್ ಚರ್ಮಕ್ಕೆ ತಗುಲಿದರೆ ಹಿಮ ಸುಟ್ಟಂತೆ ಸುಡುತ್ತದೆ. ದುಪಟ್ಟಾ, ಉದ್ದ ಸರ ತೆಗೆದಿಡಿ, ಪಕ್ಕದಲ್ಲೇ ಬೆಲ್ಟ್ ಓಡುತ್ತಿರುತ್ತದೆ. ಪೈಪನ್ನು "ಎಲ್" (ಲೋ, ಕಡಿಮೆ ಒತ್ತಡ) ಎಂದು ಬರೆದ ಮುಚ್ಚಳ ತೆಗೆದು, ಆ ಬಾಯಿಗೇ ಹಾಕಬೇಕು. "ಎಚ್" (ಹೈ) ಕಡೆ ಒತ್ತಡ ತುಂಬ ಜಾಸ್ತಿ, ಡಬ್ಬ ಸಿಡಿಯಬಹುದು. ಎಂಜಿನ್ ಚಾಲೂ ಮಾಡಿ, ಎಸಿ ಪೂರ್ತಿ ತಣ್ಣಗೆ, ಫ್ಯಾನ್ ಜೋರಾಗಿ ಇಡಿ. ಡಬ್ಬ ನೆಟ್ಟಗೇ ಇರಲಿ. ತಲೆಕೆಳಗು ಮಾಡಿದರೆ ದ್ರವ ನೇರ ಕಂಪ್ರೆಸರ್‌ಗೆ ಹೋಗುತ್ತದೆ. ಸ್ವಲ್ಪ ಬಿಡಿ, ನಿಲ್ಲಿಸಿ, ಐದು ನಿಮಿಷ ಕಾಯಿರಿ. 60, 80 ಗ್ರಾಂ ಹೋಗುವಷ್ಟರಲ್ಲೇ ಎಷ್ಟೋ ಕಾರುಗಳು ಚೇತರಿಸಿಕೊಳ್ಳುತ್ತವೆ. ತಣ್ಣಗಾಯಿತಾ, ಅಲ್ಲಿಗೇ ನಿಲ್ಲಿಸಿ. ಒಂದು ಡಬ್ಬ ಪೂರ್ತಿ ಹೋದರೂ ತಣ್ಣಗಾಗದಿದ್ದರೆ ಎರಡನೆಯದನ್ನು ಕೊಳ್ಳಬೇಡಿ, ಶಾಪಿಗೆ ಹೋಗಿ. 2018ರಿಂದ ತಯಾರಾದ ಡಬ್ಬಗಳಲ್ಲಿ ತಾನೇ ಮುಚ್ಚಿಕೊಳ್ಳುವ ಬಾಯಿ ಇರುತ್ತದೆ, ಉಳಿದದ್ದನ್ನು ತೆಗೆದಿಡಬಹುದು. ಬಿಸಿಲಿಗೆ ನಿಂತ ಕಾರಿನೊಳಗೆ ಮಾತ್ರ ಇಡಬೇಡಿ.

ಹೆಚ್ಚಾಯಿತು ಎಂದು ಗ್ಯಾಸನ್ನು ಗಾಳಿಗೆ ಬಿಡಬೇಡಿ. ಇಲ್ಲಿನ ಕ್ಲೀನ್ ಏರ್ ಆಕ್ಟ್ ಎಂಬ ಕಾನೂನಿನ ಪ್ರಕಾರ ಅದು ತಪ್ಪು, ನಿಮ್ಮ ಮನೆಯಂಗಳದಲ್ಲಿ ಮಾಡಿದರೂ ತಪ್ಪು. ಕಾನೂನು ಬಿಟ್ಟು ನೋಡಿದರೂ, ಆರ್-134ಎ ಭೂಮಿಯನ್ನು ಬಿಸಿ ಮಾಡುವುದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜಾಸ್ತಿ. ಒಂದು ಡಬ್ಬ ಸೋರಿದರೆ ಸುಮಾರು 200 ಲೀಟರ್ ಪೆಟ್ರೋಲ್ ಉರಿಸಿದ ಹಾಗೆ. ತೂತಿರುವ ಕಾರಿಗೆ ತಿಂಗಳಿಗೊಂದು ಡಬ್ಬ ಹಾಕಿ ಬೇಸಿಗೆ ದಾಟಿಸುವವರನ್ನು ಕಂಡಿದ್ದೇನೆ. ನನಗೆ ಅದು ನಿಜಕ್ಕೂ ನೋವಾಗುತ್ತದೆ. ಹಣದ ಲೆಕ್ಕದಲ್ಲೂ ಅದು ಉಳಿತಾಯವಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು ಡಬ್ಬಕ್ಕೆ ಠೇವಣಿ ಕಟ್ಟಬೇಕು, ಖಾಲಿ ಡಬ್ಬ ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ.

ಶಾಪಿನಲ್ಲಿ ದುಡ್ಡು ಯಾತಕ್ಕೆ ಹೋಗುತ್ತದೆ? ಸರಿಯಾಗಿ ಮಾಡುವ ಕಡೆ ಯಂತ್ರ ಮೊದಲು ಇದ್ದ ಗ್ಯಾಸನ್ನು ಹೊರತೆಗೆದು ತೂಗುತ್ತದೆ. ಆಮೇಲೆ ಅರ್ಧ ಗಂಟೆಯೋ ಹೆಚ್ಚೋ ಒಳಗಿನ ಗಾಳಿ, ತೇವ ಎಲ್ಲ ಎಳೆದು ಖಾಲಿ ಮಾಡುತ್ತದೆ. ತೇವ ಉಳಿದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದ ತಿನ್ನುತ್ತದೆ. ಆ ಖಾಲಿತನ ನಿಲ್ಲುತ್ತದಾ ಅಂತ ನೋಡುತ್ತಾರೆ, ನಿಲ್ಲದಿದ್ದರೆ ಸೋರಿಕೆ ಇದೆ. ಕೊನೆಗೆ ಲೇಬಲ್ಲಿನಷ್ಟೇ ಗ್ಯಾಸ್ ತೂಕ ಮಾಡಿ ತುಂಬುತ್ತಾರೆ. ಈ ಕೆಲಸ ಮನೆಯ ಡಬ್ಬದಿಂದ ಆಗುವುದಿಲ್ಲ. ನಮ್ಮ ಸುತ್ತಮುತ್ತ ಆರ್-134ಎಗೆ 150ರಿಂದ 250 ಡಾಲರ್, ಹೊಸ ಗ್ಯಾಸಿಗೆ 300ರ ಮೇಲೆ ಕೇಳುವುದನ್ನು ನೋಡಿದ್ದೇನೆ.

ಕಾರು ಒಪ್ಪಿಸುವ ಮೊದಲು ಮೂರು ವಿಷಯ ಕೇಳಿ. ಸುಮ್ನೆ ತುಂಬಿಸಿ ಕಳಿಸುತ್ತೀರಾ, ಲೀಕ್ ಟೆಸ್ಟ್ ಮಾಡುತ್ತೀರಾ? ಬಣ್ಣ ಹಾಕುತ್ತೀರಾ? ಈ ಬಣ್ಣ ಸೋರಿದ ಜಾಗದಲ್ಲಿ ನೇರಳಾತೀತ ಬೆಳಕಿಗೆ ಹೊಳೆಯುತ್ತದೆ. ಕೆಲಸ ಮಾಡುವವರಿಗೆ 609 ಸರ್ಟಿಫಿಕೇಟ್ ಇದೆಯಾ? ದುಡ್ಡು ತೆಗೆದುಕೊಂಡು ಕಾರಿನ ಎಸಿ ಮುಟ್ಟುವವರಿಗೆ ಇಲ್ಲಿ ಅದು ಕಡ್ಡಾಯ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸಂಕೋಚ ಬೇಡ. ಊರಿನಲ್ಲಿ ಮೆಕ್ಯಾನಿಕ್ ಪಕ್ಕ ನಿಂತು ನೋಡುವ ಹಾಗೆ ಇಲ್ಲಿ ಎಲ್ಲ ಕಡೆ ನಿಲ್ಲಲು ಬಿಡುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರಹದಲ್ಲಿ ಕೇಳಿ. ಕಂಪ್ರೆಸರ್ ಬದಲಿಸಬೇಕು ಎಂದರೆ ಆ ದಿನವೇ ಹೂಂ ಅನ್ನಬೇಡಿ, ಇನ್ನೊಂದು ಕಡೆ ತೋರಿಸಿ. ಕೆಲವು ಸಲ ಗ್ಯಾಸ್ ತುಂಬುವ ಬಾಯಿಯೊಳಗಿನ ಪುಟ್ಟ ವಾಲ್ವ್ ಮಾತ್ರ ಸೋರುತ್ತಿರುತ್ತದೆ.

ರಸೀದಿಯಲ್ಲಿ ಎರಡು ಅಂಕಿ ಬರೆಸಿಕೊಳ್ಳಿ: ಎಷ್ಟು ಗ್ರಾಂ ಹೊರಬಂತು, ಎಷ್ಟು ಗ್ರಾಂ ಒಳಹೋಯಿತು. ಮನೆಯಲ್ಲಿ ಮಾಡಿದ್ದರೆ ಡಬ್ಬವನ್ನು ಮತ್ತೆ ತೂಗಿ, ಕಡಿಮೆಯಾದ ತೂಕ ಮತ್ತು ತಾರೀಕನ್ನು ಫೋನಿನಲ್ಲಿ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಎಸಿ ಮತ್ತೆ ಸಪ್ಪೆಯಾದರೆ ಆ ಅಂಕಿಗಳನ್ನು ಹಿಡಿದುಕೊಂಡೇ ಫೋನ್ ಮಾಡಿ. ಎಷ್ಟು ದಿನಕ್ಕೆ ಎಷ್ಟು ಹೋಗಿದೆ ಎಂದು ಗೊತ್ತಾದರೆ ಡಬ್ಬವಾ, ಶಾಪಾ ಎಂದು ಎರಡು ನಿಮಿಷದಲ್ಲಿ ಹೇಳಬಹುದು.