ಬಳ್ಳಾರಿಯ ಪೆನ್ಷನ್, ಹುವಾ ಹಿನ್‌ನ ಪಾಸ್‌ಬುಕ್

ವೀಸಾ ಮುಂದುವರಿಸೋಕೆ ಪೆನ್ಷನ್ ತೋರಿಸಬೇಕು ಅಂದರೆ ನಮ್ಮಲ್ಲಿ ನಿವೃತ್ತರಾದವರು ಮೊದಲು ಬೀರು ತೆಗೆದು ಪಿಪಿಓ, ಅಂದರೆ ಪೆನ್ಷನ್ ಮಂಜೂರಾತಿಯ ಪುಸ್ತಕ ಹುಡುಕುತ್ತಾರೆ. ಎಜಿ ಆಫೀಸಿನ ಸೀಲು, ಅಧಿಕಾರಿಗಳ ಸಹಿ, ಪಕ್ಕದಲ್ಲಿ ಫೋಟೋ. ಇದಕ್ಕಿಂತ ದೊಡ್ಡ ದಾಖಲೆ ಇನ್ನೇನು ಬೇಕು ಅನ್ನಿಸುತ್ತೆ. ಥಾಯ್ಲೆಂಡಿನ ಇಮಿಗ್ರೇಷನ್ ಕೌಂಟರಿನಲ್ಲಿ ಆ ಪುಸ್ತಕವನ್ನು ಒಂದು ಸಲ ತಿರುವಿ ಪಕ್ಕಕ್ಕೆ ಇಟ್ಟರು. ಅವರು ಕೈ ಚಾಚಿದ್ದು ಅಲ್ಲಿನ ಬ್ಯಾಂಕಿನ ಪಾಸ್‌ಬುಕ್ಕಿಗೆ. ಹನ್ನೆರಡು ತಿಂಗಳು, ಒಂದೂ ತಪ್ಪದ ಹಾಗೆ, ಹೊರದೇಶದಿಂದ ದುಡ್ಡು ಬಂದಿದೆಯಾ? ಅಷ್ಟೇ ಅವರ ಪ್ರಶ್ನೆ. ಆ ಸರಪಳಿ ಕಡಿಯದ ಹಾಗೆ ನೋಡಿಕೊಳ್ಳುವ ಕೆಲಸ ಮಾತ್ರ ಬಹುಪಾಲು ಬಳ್ಳಾರಿಯಲ್ಲೇ ಆಗುತ್ತೆ.

ನಾನು ಬಳ್ಳಾರಿಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ವರ್ಷದ ಹೆಚ್ಚಿನ ಭಾಗ ನಾನು, ನಮ್ಮ ಮನೆಯವರು ಹುವಾ ಹಿನ್‌ನಲ್ಲಿ ಇರುತ್ತೇವೆ. ಬ್ಯಾಂಕಾಕ್‌ನಿಂದ ದಕ್ಷಿಣಕ್ಕೆ, ಸಮುದ್ರದ ಪಕ್ಕದ ಊರು. ಯಾಕೆ ಅಲ್ಲಿಗೆ ಹೋದಿರಿ ಅನ್ನೋದು ಬೇರೆ ಕಥೆ, ಬಿಡಿ.

ಅಲ್ಲಿ ನಿವೃತ್ತಿ ಆಧಾರದ ಮೇಲೆ ವರ್ಷ ವರ್ಷ ವಾಸ ಮುಂದುವರಿಸಲು ಐವತ್ತು ವರ್ಷ ತುಂಬಿರಬೇಕು. ದುಡ್ಡು ತೋರಿಸೋಕೆ ಮೂರು ದಾರಿ. ಒಂದು, ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡುವುದು. ಅರ್ಜಿ ಹಾಕುವ ಎರಡು ತಿಂಗಳು ಮುಂಚೆಯೇ ಅದು ಅಲ್ಲಿರಬೇಕು, ಆದ ಮೇಲೂ ಮೂರು ತಿಂಗಳು ಮುಟ್ಟುವಂತಿಲ್ಲ, ಉಳಿದ ದಿನಗಳಲ್ಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಎರಡು, ತಿಂಗಳಿಗೆ 65,000 ಬಾತ್ ಆದಾಯ. ಮೂರು, ವರ್ಷದ ಆದಾಯ ಮತ್ತು ಠೇವಣಿ ಎರಡೂ ಸೇರಿ 8 ಲಕ್ಷ. ಕೈಯಲ್ಲಿ ಗಂಟು ಇರುವವರಿಗೆ ಮೊದಲನೇ ದಾರಿಯೇ ಸುಲಭ, ಅದರಲ್ಲಿ ಅನುಮಾನ ಇಲ್ಲ. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಆದರೆ 8 ಲಕ್ಷ ಬಾತ್ ಅಂದರೆ ನಮ್ಮ ಇಪ್ಪತ್ತು ಲಕ್ಷದ ಮೇಲೆ. ಅದು ಅಲ್ಲಿ ಸುಮ್ನೆ ಕೂತಿರುತ್ತೆ, ಬಡ್ಡಿಯೂ ಇಲ್ಲಿನಷ್ಟು ಇಲ್ಲ. ಹಾಗಾಗಿ ಎರಡನೇ ದಾರಿಗೆ ಬಂದೆ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದವರಿಗೆ ಹಿಂದೆ ಅವರವರ ರಾಯಭಾರ ಕಚೇರಿಯೇ ಆದಾಯದ ಪತ್ರ ಕೊಡುತ್ತಿತ್ತು. 2019ರ ಹೊತ್ತಿಗೆ ಅವು ನಿಲ್ಲಿಸಿದವು. ಆಮೇಲೆ ಬ್ಯಾಂಕಿನ ಸಾಲುಗಳೇ ಸಾಕ್ಷಿಯಾದವು. ನನ್ನಂಥವನಿಗೆ ಇದು ಒಳ್ಳೆಯದೇ ಆಯ್ತು ಅನ್ನಿಸುತ್ತೆ. ಪತ್ರಕ್ಕಾಗಿ ಯಾರ ಬಾಗಿಲೂ ಕಾಯಬೇಕಿಲ್ಲ, ದುಡ್ಡು ತಿಂಗಳು ತಿಂಗಳು ಬಂದರೆ ಸಾಕು.

ಈಗ ಬಳ್ಳಾರಿಯ ಕಡೆಯ ಕೆಲಸ. ಹೊರದೇಶದಲ್ಲಿ ನೆಲೆಸೋಕೆ ಹೋದವರು ಇಲ್ಲಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಓ ಖಾತೆಗೆ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಗೆ ಬದಲಾಯಿಸಬೇಕು. ಪೆನ್ಷನ್ ಅದಕ್ಕೇ ಜಮಾ ಆಗಬಹುದು. ಬ್ಯಾಂಕಿನ ಕೌಂಟರಿನಲ್ಲಿದ್ದ ಹುಡುಗ ನನ್ನ ಹಳೇ ವಿದ್ಯಾರ್ಥಿ. "ಸರ್, ಪೆನ್ಷನ್ ಇಲ್ಲೇ ಆರಾಮ ಬೀಳ್ತದಲ್ರಿ, ಸುಮ್ನ ಯಾಕ ಇದನ್ನೆಲ್ಲ ಮೈಮ್ಯಾಲ ಹಾಕ್ಕೊಂತೀರಿ?" ಅಂದ. ಕಾರಣ ಇದೆ. ಎನ್‌ಆರ್‌ಓದಲ್ಲಿ ಬಿದ್ದ ಪೆನ್ಷನ್, ಬಾಡಿಗೆ ಇವೆಲ್ಲ ಚಾಲ್ತಿ ಆದಾಯ. ತೆರಿಗೆ ಕಟ್ಟಿದ ಮೇಲೆ ಹೊರಗೆ ಕಳಿಸಲು ತಕರಾರಿಲ್ಲ. ಅದೇ ಇಲ್ಲಿನ ನಿವಾಸಿಯಾಗಿ ಕಳಿಸಿದರೆ, ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತೆ. ನಮ್ಮ ಲೆಕ್ಕ 10 ಲಕ್ಷ ದಾಟೇ ದಾಟುತ್ತೆ, ಅಲ್ವಾ? ಆ ದುಡ್ಡು ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬರಬಹುದು. ಆದರೆ ವೀಸಾ ಲೆಕ್ಕಕ್ಕೆ ಬೇಕಿರೋದು ಈ ತಿಂಗಳ ದುಡ್ಡು.

ಎನ್‌ಆರ್‌ಓದಿಂದ ಕಳಿಸುವಾಗ 15ಸಿಎ ಅನ್ನೋ ಆದಾಯ ತೆರಿಗೆಯ ಫಾರಂ ಕೇಳಿದರು. ವರ್ಷದ ಒಟ್ಟು ಮೊತ್ತ 5 ಲಕ್ಷ ದಾಟಿದ ಮೇಲೆ ಆಡಿಟರ್ ಸಹಿ ಮಾಡಿದ 15ಸಿಬಿ ಪ್ರಮಾಣಪತ್ರವೂ ಬೇಕಾಯಿತು. ಆಡಿಟರ್ ಹತ್ತಿರ ತಿಂಗಳು ತಿಂಗಳು ಬೇಡಿಕೊಳ್ಳುವ ಬದಲು ವರ್ಷದ ಫೀಸು ಮಾತಾಡಿಕೊಂಡೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಇನ್ನೊಂದು ಮಾತು. ಹೊರದೇಶದ ವ್ಯವಹಾರವನ್ನು ಎಲ್ಲ ಶಾಖೆಗಳೂ ನೇರವಾಗಿ ಮಾಡುವುದಿಲ್ಲ. ನಮ್ಮ ಶಾಖೆಯಿಂದ ಕಾಗದ ಬೇರೆ ಊರಿನ ದೊಡ್ಡ ಶಾಖೆಗೆ ಹೋಗಬೇಕು. ಅಲ್ಲಿ ಮೇಜಿನ ಮೇಲೆ ಕೂತರೆ ಕೂತೇ ಬಿಡುತ್ತೆ. "ಕಳಿಸೀವ್ರಿ ಸರ್" ಅನ್ನೋದು ದುಡ್ಡು ಹೋಯ್ತು ಅಂತ ಅಲ್ಲ, ಕಾಗದ ಹೋಯ್ತು ಅಂತ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸ್ವಿಫ್ಟ್ ಸಂದೇಶದ ನಕಲು ಕೈಗೆ ಬಂದ ಮೇಲೇ ನಂಬುವುದು.

ಆ ನಕಲಿನಲ್ಲಿ ಒಂದು ಸಾಲು ನೋಡಿಕೊಳ್ಳಿ. ಖರ್ಚು ಯಾರದು ಅನ್ನೋ ಜಾಗದಲ್ಲಿ 'ಅವರ್' (OUR) ಅಂತಿದ್ದರೆ ಎಲ್ಲ ಬ್ಯಾಂಕಿನ ಚಾರ್ಜೂ ಕಳಿಸುವವರದು. 'ಎಸ್‌ಎಚ್‌ಎ' (SHA) ಅಂತಿದ್ದರೆ ಖರ್ಚು ಇಬ್ಬರಿಗೂ ಹಂಚಿಕೆ, ಮಧ್ಯದ ಬ್ಯಾಂಕು ದಾರಿಯಲ್ಲೇ ಸ್ವಲ್ಪ ಮುರಿದುಕೊಳ್ಳುತ್ತೆ. ಇಲ್ಲಿಂದ 65,200 ಬಾತ್ ಲೆಕ್ಕ ಹಾಕಿ ಕಳಿಸಿದ್ದು ಅಲ್ಲಿ 64,700 ಆಗಿ ಬಿದ್ದರೆ ಆ ತಿಂಗಳು ಲೆಕ್ಕಕ್ಕೇ ಇಲ್ಲ. ಮುಂದಿನ ತಿಂಗಳು 70,000 ಹಾಕಿ ಸರಿದೂಗಿಸಬಹುದಲ್ಲ ಅಂತ ನಮ್ಮವರು ಕೇಳುತ್ತಾರೆ. ಆಗಲ್ಲ. ಅವರು ಸರಾಸರಿ ನೋಡುವುದಿಲ್ಲ, ಪ್ರತಿ ತಿಂಗಳ ಸಾಲಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಇದು ಚೀಟಿ ಕಟ್ಟಿದ ಹಾಗೆ, ಒಂದು ಕಂತು ತಪ್ಪಿದರೂ ತಪ್ಪಿದ್ದೇ.

ಇನ್ನು ದೊಡ್ಡ ತಲೆನೋವು ರೂಪಾಯಿ. 2024ರ ಆರಂಭದಲ್ಲಿ ಒಂದು ಬಾತ್‌ಗೆ 2.30ರಿಂದ 2.40 ರೂಪಾಯಿ ಆಸುಪಾಸು ಇತ್ತು. 65,000 ಬಾತ್‌ಗೆ ಒಂದೂವರೆ ಲಕ್ಷ ಚಿಲ್ಲರೆ. 2025ರ ಕೊನೆಗೆ ಅದೇ ಬಾತ್ 2.75 ದಾಟಿತು. ಅಂದರೆ ಅದೇ 65,000ಕ್ಕೆ ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ. ತುಟ್ಟಿಭತ್ಯೆ ಏರಿದ್ದಕ್ಕಿಂತ ಜೋರಾಗಿ ರೂಪಾಯಿ ಇಳಿಯಿತು. ನೇರವಾಗಿ ಹೇಳುತ್ತೇನೆ, ನನ್ನ ಪೆನ್ಷನ್ ಒಂದರಿಂದಲೇ ಇದು ಆಗುವುದಿಲ್ಲ. ಬ್ರೂಸ್‌ಪೇಟೆಯಲ್ಲಿ ಅಪ್ಪನ ಕಾಲದ ಮಳಿಗೆ ಇದೆ, ಅದರ ಬಾಡಿಗೆಯೂ ಎನ್‌ಆರ್‌ಓಗೇ ಬರುತ್ತೆ. ಎರಡೂ ಸೇರಿಸಿ ಒಂದೇ ಸಲ ಕಳಿಸುತ್ತೇನೆ. (ಮಾಲೀಕ ಎನ್‌ಆರ್‌ಐ ಆದರೆ ಬಾಡಿಗೆದಾರನೇ ಬಾಡಿಗೆಯಲ್ಲಿ ತೆರಿಗೆ (ಟಿಡಿಎಸ್) ಹಿಡಿದು ಕಟ್ಟಬೇಕು. ಅದನ್ನು ನಮ್ಮ ಬಟ್ಟೆ ಅಂಗಡಿಯವನಿಗೆ ತಿಳಿಸಿ ಹೇಳೋಷ್ಟರಲ್ಲಿ ಸಾಕಾಯ್ತು. "ನಿಮ್ಮ ದುಡ್ಡು ನಾನ್ಯಾಕ ಹಿಡೀಲ್ರಿ ಸಾರ್, ಪಾಪ ಬರ್ತದ" ಅಂತಿದ್ದ.) ದರ ಏರಿಳಿಯುತ್ತೆ ಅಂತ 65,000ಕ್ಕೆ ಎಂದೂ ಕಳಿಸುವುದಿಲ್ಲ, 67,000 ಬೀಳುವ ಹಾಗೆ ಕಳಿಸುತ್ತೇನೆ. ಆ ಹೆಚ್ಚಿನ ದುಡ್ಡೇನೂ ಎಲ್ಲೂ ಹೋಗಲ್ಲ, ನಮ್ಮದೇ ದಿನಸಿಗೆ ಆಗುತ್ತೆ.

ತಾರೀಖು ಕೂಡ ಮುಖ್ಯ. ಪೆನ್ಷನ್ ಬಿದ್ದ ತಕ್ಷಣ, ತಿಂಗಳ ಮೊದಲ ಹತ್ತು ದಿನದೊಳಗೆ ಕಳಿಸುವುದನ್ನು ಅಭ್ಯಾಸ ಮಾಡಿಕೊಂಡೆ. ತಿಂಗಳ ಕೊನೆಗೆ ಕಳಿಸಿದರೆ ಅದು ಮುಂದಿನ ತಿಂಗಳು ಬೀಳುವ ಅಪಾಯ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಇದು ಜಾಸ್ತಿ. ಇಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಏಪ್ರಿಲ್ 1ಕ್ಕೆ ಬ್ಯಾಂಕು ಬಂದ್. ಅಲ್ಲಿ ಏಪ್ರಿಲ್ 13ರಿಂದ ಸೋಂಗ್‌ಕ್ರಾನ್, ಊರಿಗೆ ಊರೇ ನೀರು ಎರಚುತ್ತಾ ಬೀದಿಯಲ್ಲಿರುತ್ತೆ. ಮಾರ್ಚ್ ದುಡ್ಡು ಏಪ್ರಿಲ್‌ಗೆ ಜಾರಿದರೆ ಪಾಸ್‌ಬುಕ್ಕಿನಲ್ಲಿ ಮಾರ್ಚ್ ಖಾಲಿ, ಏಪ್ರಿಲ್ ಎರಡು ಸಾಲು. ಕೌಂಟರಿನಲ್ಲಿ ಈ ಕಥೆ ಹೇಳಿ ಒಪ್ಪಿಸೋದು ಕಷ್ಟ.

ಬಂದ ದುಡ್ಡು 'ಹೊರದೇಶದಿಂದ ಬಂದದ್ದು' ಅಂತ ಕಾಣಬೇಕು. ಬ್ಯಾಂಕಾಕ್ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಂಥ ಸಾಲಿನ ಪಕ್ಕ ಎಫ್‌ಟಿಟಿ ಅನ್ನೋ ಗುರುತು ಬೀಳುತ್ತೆ. ನಾನು ಖಾತೆ ಅಲ್ಲೇ ತೆರೆದದ್ದು ಈ ಮೂರಕ್ಷರಕ್ಕಾಗಿ. ಮೊಬೈಲ್ ಆ್ಯಪ್‌ಗಳಲ್ಲಿ ಚಾರ್ಜು ಕಡಿಮೆ ಇರಬಹುದು. ಆದರೆ ಕೆಲವು ಸಲ ಆ ದುಡ್ಡು ಥಾಯ್ಲೆಂಡಿನ ಒಳಗಿನ ಇನ್ನೊಂದು ಬ್ಯಾಂಕಿನಿಂದ ಬಂದ ಹಾಗೆ ದಾಖಲಾಗುತ್ತೆ. ವೀಸಾ ಲೆಕ್ಕಕ್ಕೆ ಅದು ಹೊರದೇಶದ ದುಡ್ಡಲ್ಲ.

ಹಾಗಾದರೆ ಪಿಪಿಓ ಬೇಡವೇ ಬೇಡವಾ? ಬೇಕು. ಈ ದುಡ್ಡು ಎಲ್ಲಿಂದ ಅಂತ ಕೇಳಿದಾಗ ತೋರಿಸೋಕೆ. ಅಲ್ಲಿ ಎರಡು ತೊಡಕು. ಪಿಪಿಓದಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿದೆ. ನಮಗೆ ಇಬ್ಬರೂ ಒಬ್ಬನೇ, ಅವರಿಗೆ ಬೇರೆ ಬೇರೆ ಜನ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬಹುದು, ಮಾಡಿಸಿದೆ ಕೂಡ. ಆದರೆ ಅದಕ್ಕಿಂತ ಕೆಲಸ ಮಾಡಿದ್ದು ಬ್ಯಾಂಕಿನ ಪತ್ರ. ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ಪಿಪಿಓ ನಂಬರ್, ತಿಂಗಳ ಜಮಾ ಮೊತ್ತ, ಎಲ್ಲ ಒಂದೇ ಹಾಳೆಯಲ್ಲಿ, ಇಂಗ್ಲಿಷಿನಲ್ಲಿ, ಸೀಲು ಸಹಿತ. ಬ್ಯಾಂಕಿನವರು ತಾವಾಗಿ ಹೀಗೆ ಬರೆಯುವುದಿಲ್ಲ. ನಾನೇ ಟೈಪ್ ಮಾಡಿಸಿಕೊಂಡು ಹೋಗಿ, ಅವರ ಲೆಟರ್‌ಹೆಡ್ ಮೇಲೆ ಇಳಿಸಿಕೊಡಿ ಅಂದೆ.

ಎರಡನೇದು ಕಮ್ಯುಟೇಷನ್. ಪೆನ್ಷನ್ನಿನ ಮೂರನೇ ಒಂದು ಭಾಗ ಮುಂಗಡ ತೆಗೆದುಕೊಂಡರೆ, ಪಿಪಿಓದ ಮೂಲ ಪೆನ್ಷನ್ ಒಂದು ಇರುತ್ತೆ, ಖಾತೆಗೆ ಬೀಳೋದು ಇನ್ನೊಂದು. ಆ ಪತ್ರದಲ್ಲೇ ಮೂಲ ಪೆನ್ಷನ್, ಕಮ್ಯುಟೇಷನ್ ಕಡಿತ, ತುಟ್ಟಿಭತ್ಯೆ, ಕೈಗೆ ಬಂದದ್ದು ಅಂತ ನಾಲ್ಕು ಸಾಲು ಬರೆಸಿ. ಅಂಕಿ ಬರೆಯುವಾಗ ನಮ್ಮ ಲಕ್ಷದ ಅಲ್ಪವಿರಾಮ ಬಿಟ್ಟು ಅವರ ಹಾಗೆ ಬರೆಸಿ. 1,24,000 ಅಂತ ನೋಡಿ ಇಮಿಗ್ರೇಷನ್ ಕೌಂಟರಿನ ಹೆಣ್ಣುಮಗಳು ಪೆನ್ನಿನ ತುದಿಯನ್ನು ಮೊದಲ ಅಲ್ಪವಿರಾಮದ ಮೇಲೆ ಇಟ್ಟು, ನನ್ನ ಮುಖ ನೋಡಿ, ಮತ್ತೆ ಅಂಕಿ ನೋಡಿದರು. 124,000 ಅಂತ ಕೆಳಗೆ ಬರೆದು ತೋರಿಸಿದ ಮೇಲೆ ನಕ್ಕರು.

ಈ ಎಲ್ಲದರ ಬುಡ ನವೆಂಬರ್. ಆ ತಿಂಗಳು ಜೀವಿತ ಪ್ರಮಾಣಪತ್ರ ಕೊಡದಿದ್ದರೆ ಪೆನ್ಷನ್ ನಿಲ್ಲುತ್ತೆ. ಇಲ್ಲಿ ಪೆನ್ಷನ್ ನಿಂತರೆ ಅಲ್ಲಿ ಸಾಲು ತಪ್ಪುತ್ತೆ, ಸಾಲು ತಪ್ಪಿದರೆ ವೀಸಾ. ಹೊರಗಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ಹಾಕಿಸಿ ಕಳಿಸಬಹುದು. ನಾನು ಮಾತ್ರ ದೀಪಾವಳಿ ನೆವದಲ್ಲಿ ಬಳ್ಳಾರಿಗೆ ಬಂದು ಖುದ್ದಾಗಿ ಕೊಡುತ್ತೇನೆ. ಅಂಚೆಯ ಲಕೋಟೆ ಯಾರ ಡ್ರಾಯರಿನಲ್ಲಿ ಮಲಗುತ್ತೋ ಅನ್ನೋ ಚಿಂತೆ ಇರಲ್ಲ. ಮೇಲಾಗಿ ಬಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹುವಾ ಹಿನ್‌ನಲ್ಲಿ ಯಾರು ಕೊಡುತ್ತಾರೆ?

ಅರ್ಜಿಯ ದಿನದ ಕೆಲಸ ಇಷ್ಟೆಲ್ಲ ಆದ ಮೇಲೆ ಸಣ್ಣದು. ವಾಸ ಮುಂದುವರಿಸುವ ಅರ್ಜಿಯ ಟಿಎಂ 7 ಫಾರಂ, ಫೋಟೋ, ವಿಳಾಸದ ಟಿಎಂ 30 ರಸೀದಿ, ಥಾಯ್ ಬ್ಯಾಂಕಿನ ಪತ್ರ ಮತ್ತು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್, 1,900 ಬಾತ್ ಫೀಸು. ಪಾಸ್‌ಬುಕ್ಕನ್ನು ಅದೇ ದಿನ ಬೆಳಿಗ್ಗೆ ಅಪ್‌ಡೇಟ್ ಮಾಡಿಸಿಕೊಂಡೇ ಹೋಗಿ. ಎಲ್ಲ ಜೆರಾಕ್ಸಿನ ಮೇಲೂ ನೀಲಿ ಶಾಯಿಯ ಸಹಿ. ಒಂದೊಂದು ಊರಿನ ಆಫೀಸಿಗೆ ಒಂದೊಂದು ಪದ್ಧತಿ, ಹಾಗಾಗಿ ಮುಂಚೆಯೇ ಹೋಗಿ ಅವರ ಪಟ್ಟಿ ಕೇಳಿ ತರುವುದು ವಾಸಿ. ಮನೆಯವರು ನನ್ನ ಅವಲಂಬಿತರು ಅಂತ ಜೊತೆಯಲ್ಲೇ ಅರ್ಜಿ ಹಾಕುತ್ತಾರೆ. ಅವರಿಗೆ ಬೇರೆ ಆದಾಯ ತೋರಿಸಬೇಕಿಲ್ಲ, ದೃಢೀಕರಿಸಿದ ಮದುವೆ ಪ್ರಮಾಣಪತ್ರ ಬೇಕು.

ತೆರಿಗೆ ಬಗ್ಗೆ ಒಂದು ಮಾತು. ವರ್ಷಕ್ಕೆ 180 ದಿನ ಅಲ್ಲಿದ್ದವರು ಹೊರಗಿನಿಂದ ತರಿಸಿದ ಆದಾಯಕ್ಕೆ 2024ರಿಂದ ಅಲ್ಲೂ ತೆರಿಗೆ ಲೆಕ್ಕ ಬರುತ್ತೆ. ಎರಡು ದೇಶಗಳ ಒಪ್ಪಂದದಲ್ಲಿ ಸರ್ಕಾರಿ ಸೇವೆಯ ಪೆನ್ಷನ್ನಿಗೆ ಬೇರೆಯೇ ಕಲಮು ಇದೆ. ಕೌಂಟರಿನಲ್ಲಿ ಪಕ್ಕಕ್ಕಿಟ್ಟ ಪಿಪಿಓ ಪುಸ್ತಕಕ್ಕೆ ಬೆಲೆ ಬರೋದು ಇಲ್ಲಿ. ಬಾಡಿಗೆಗೆ ಆ ಕಲಮು ಹತ್ತುವುದಿಲ್ಲ, ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

ಮುದ್ರೆ ಬಿದ್ದ ಮೇಲೂ ಒಂದು ಕೆಲಸ ಉಳಿದಿರುತ್ತೆ. ರೀ ಎಂಟ್ರಿ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಆ ಒಂದು ವರ್ಷದ ಅನುಮತಿ ವಿಮಾನ ಹತ್ತಿದ ದಿನವೇ ರದ್ದು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರಲು 3,800. ನವೆಂಬರ್‌ಗೆ ಒಮ್ಮೆ, ಮದುವೆ ಮುಂಜಿಗೆ ಇನ್ನೊಮ್ಮೆ ಅಂತ ಊರಿಗೆ ಓಡಾಡುವ ನಮ್ಮಂಥವರು 3,800ರದ್ದನ್ನೇ ಮಾಡಿಸಿಕೊಳ್ಳಿ.